ಒಂದಕ್ಕೆ ಹೋದವನ ಹಸ್ತಲಾಘವ

ಆ ದಿನ ನಾನು ಕುಡಿದ ಕಾಫಿಯ ಲೆಕ್ಕವನ್ನು ಮೊದಲೇ ಒಪ್ಪಿಸಿಬಿಡುತ್ತೇನೆ. ಮಡಿಕೇರಿಯ ಮನೆಯಲ್ಲಿ ಎದ್ದ ಕೂಡಲೇ ಒಂದು. ಹೊರಡುವಾಗ, ಡಿಕಾಕ್ಷನ್ ಮಿಕ್ಕಿದೆ, ಚೆಲ್ಲುವುದು ಪಾಪ ಎಂದು ಇನ್ನೊಂದು. ಮೂರ್ನಾಡಿನಲ್ಲಿ ಗೆಳೆಯನನ್ನು ಹತ್ತಿಸಿಕೊಳ್ಳಲು ಕಾರು ನಿಲ್ಲಿಸಿದ ತಪ್ಪಿಗೆ ಅವನ ತಾಯಿ ಒಂದು ಲೋಟ ಬೆಲ್ಲದ ಕಾಫಿ ತಂದುಕೊಟ್ಟರು. ಕೊಡಗಿನ ಮನೆಗಳಲ್ಲಿ ಲೋಟವೆಂದರೆ ಲೋಟ, ಬೆಂಗಳೂರಿನ ಬೆರಳುದ್ದದ ಬೈಟೂ ಅಲ್ಲ. ನಾಪೋಕ್ಲು ತಲುಪಿದ ಮೇಲೆ ಮೈದಾನದ ಬಾಗಿಲಲ್ಲೇ ಮತ್ತೊಂದು, ಅದು ಬರೀ ಸಂಭ್ರಮಕ್ಕೆ. ಒಟ್ಟು ನಾಲ್ಕು. ನನ್ನ ವಯಸ್ಸು ಅರವತ್ತೊಂದು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಆಗ ಬರಲಿಲ್ಲ.

ಹೋಗಿದ್ದದ್ದು ಕೊಡವ ಹಾಕಿ ನಮ್ಮೆಗೆ, ಅಂದರೆ ಕೊಡವರ ಹಾಕಿ ಹಬ್ಬಕ್ಕೆ. ಯಾವ ವರ್ಷದ್ದು ಎಂದು ಮಾತ್ರ ಹೇಳುವುದಿಲ್ಲ. ನಾಪೋಕ್ಲಿನಲ್ಲಿ 2018ರಲ್ಲಿ ಕುಲ್ಲೇಟಿರ, 2023ರಲ್ಲಿ ಅಪ್ಪಚೆಟ್ಟೋಳಂಡ, 2024ರಲ್ಲಿ ಕುಂಡ್ಯೋಳಂಡ ಕಪ್ ನಡೆದಿವೆ. ಮೂರಕ್ಕೂ ಹೋಗಿದ್ದೇನೆ. ನನ್ನ ಫೋಟೊ ಹುಡುಕಬೇಕೆನ್ನುವವರು ಮೂರು ಪಟ್ಟು ಕಷ್ಟಪಡಲಿ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಇದನ್ನು ಶುರು ಮಾಡಿದಾಗ ಆಡಿದ್ದು 60 ಒಕ್ಕಗಳು, ಅಂದರೆ ಮನೆತನಗಳು. 2024ರ ಹೊತ್ತಿಗೆ ಅದು 360 ಆಗಿ ಗಿನ್ನೆಸ್ ಪುಸ್ತಕಕ್ಕೆ ಸೇರಿತು. ಸೋತವರು ಮನೆಗೆ ಎಂಬ ನಾಕೌಟ್ ಲೆಕ್ಕದಲ್ಲಿ 359 ಪಂದ್ಯ. ಅಜ್ಜ ಬ್ಯಾಕು, ಮೊಮ್ಮಗ ಫಾರ್ವರ್ಡು, ನಡುವೆ ಸೊಸೆ. ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ, ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ಮೈಸೂರು ಕಡೆಯವನು, ಮೂವತ್ತು ವರ್ಷ ಮಡಿಕೇರಿಯಲ್ಲಿ ಕನ್ನಡ ಪಾಠ ಹೇಳಿ ಅಲ್ಲೇ ಬೇರು ಬಿಟ್ಟವನು. ಕೊಡವರ ಭಾಷೆ, ಕೊಡವ ತಕ್ಕ್, ನನಗೆ ಅರ್ಧ ಅರ್ಥವಾಗುತ್ತದೆ. ಯಾವ ಅರ್ಧ ಎಂಬುದು ಆಯಾ ದಿನದ ಅದೃಷ್ಟ.

ಗ್ಯಾಲರಿಯ ಮೇಲಿನ ಸಾಲಿನಲ್ಲಿ, ನಟ್ಟನಡುವೆ, ನನಗೂ ಮನೆಯಾಕೆಗೂ ಒಳ್ಳೆಯ ಜಾಗವೇ ಸಿಕ್ಕಿತು. ಏಪ್ರಿಲ್ ತಿಂಗಳು, ಮಧ್ಯಾಹ್ನ ಮಳೆ ಹೊಡೆದರೂ ಹೊಡೆಯಬಹುದು ಎಂದು ರೇನ್‌ಕೋಟು ತಂದಿದ್ದೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಸೆಕೆ. ಹಿಂದಿನ ಕಂಬಕ್ಕೆ ಏನೋ ಒಂದು ಬೋರ್ಡು ಕಟ್ಟಿದ್ದರು, ಅದರ ಮೇಲೆ ಅಗಲವಾಗಿ ಹರಡಿ ನೇತುಹಾಕಿದೆ. ಮಡಿಕೇರಿಯ ಚಳಿಗೆ ಹಾಕಿಕೊಂಡಿದ್ದ ಕಪ್ಪು ಕೋಟು ಮೈಮೇಲೆಯೇ ಉಳಿಯಿತು. ಮೇಷ್ಟ್ರಿಗೆ ಕೋಟು ಬಿಚ್ಚಿದರೆ ಅರ್ಧ ಸಂಬಳ ಹಿಡಿದಂತೆ.

ಮೊದಲ ಸೂಚನೆ ಬಂದಾಗ ಅದನ್ನು ಸರ್ಕಾರಿ ನೋಟಿಸಿನಂತೆ ತೆಗೆದುಕೊಂಡೆ. ಮೊದಲನೆಯದಲ್ಲವೇ, ಇನ್ನೂ ಎರಡು ಬರುತ್ತವೆ. ಎರಡನೆಯದು ಬಂದಾಗ ಅಮೆರಿಕದಲ್ಲಿರುವ ಅಣ್ಣನ ಮಗ ನೆನಪಾದ. ಅವನು ಬೇಸ್‌ಬಾಲ್ ನೋಡಲು ಹೋಗುವ ಮುಂಚೆ ಕ್ರೀಡಾಂಗಣದ ನಕ್ಷೆಯನ್ನು ಫೋನಿನಲ್ಲಿ ತೆರೆದು, ತನ್ನ ಸೀಟಿಗೆ ಹತ್ತಿರದ ಟಾಯ್ಲೆಟ್ ಎಲ್ಲಿದೆ, ತಿಂಡಿ ಎಲ್ಲಿ ಸಿಗುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾನಂತೆ. ಆ ಆಟದಲ್ಲಿ ಏಳನೇ ಇನಿಂಗ್ಸಿನ ನಡುವೆ ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ಮೈಮುರಿಯುವ ಪದ್ಧತಿ ಬೇರೆ. "ನೀನು ಹೋಗೋದು ಆಟ ನೋಡಕ್ಕೋ, ಒಂದಕ್ಕೋ?" ಎಂದು ಅವನನ್ನು ವಿಡಿಯೊದಲ್ಲಿ ಗೇಲಿ ಮಾಡಿದ್ದೆ. ಮೂರನೇ ನೋಟಿಸು ಜಾರಿಯಾಯಿತು. ಎದ್ದೆ. ಹದಿನೆಂಟು ಜನರ ಮೂವತ್ತಾರು ಮೊಣಕಾಲು ದಾಟಿ ಕೆಳಗಿಳಿದೆ.

ಇಳಿದ ಮೇಲೆ ಗೊತ್ತಾಯಿತು, ಮೂವತ್ತು ವರ್ಷ ಭಾಷೆ ಕಲಿಸಿದವನ ಬಾಯಲ್ಲಿ ಆ ಒಂದು ಜಾಗಕ್ಕೆ ಪದವಿಲ್ಲ. ಶೌಚಾಲಯ ಎಂದರೆ ಉದ್ಘಾಟನೆಯ ಕಲ್ಲು ಓದಿದಂತಾಗುತ್ತದೆ. ಕಕ್ಕಸು ಎಂದರೆ ಎರಡಕ್ಕೆ ಎಂದುಕೊಂಡು ಜನ ಗಾಬರಿಯಿಂದ ದಾರಿ ಬಿಟ್ಟಾರು. ಮೂತ್ರಾಲಯ ಎನ್ನುವಾಗಲೇ ಹಳೆಯ ಬಸ್ ಸ್ಟ್ಯಾಂಡು ಮೂಗಿಗೆ ಬರುತ್ತದೆ. ಕೊನೆಗೆ ಒಂದು ಅಂಗಡಿಯ ಮುಂದೆ ನಿಂತು, "ಇಲ್ಲಿ ಸ್ವಲ್ಪ... ಫ್ರೆಶ್ ಆಗೋದಕ್ಕೆ..." ಎಂದೆ. ಅಂಗಡಿಯಾತ ಮರುಕದಿಂದ ಕುರ್ಚಿ ಎಳೆದು ಕೂರಿಸಿ, "ಬಿಸಿಲಿಗೆ ಮುಖ ಬಾಡಿದೆ ಸಾರ್" ಎಂದು ದೊಡ್ಡ ಗ್ಲಾಸಿನ ತುಂಬ ನಿಂಬೆ ಶರಬತ್ತು ಕೊಟ್ಟ. ದುಡ್ಡೂ ತೆಗೆದುಕೊಳ್ಳಲಿಲ್ಲ. ಕುಡಿದೆ. ಕೊಟ್ಟದ್ದನ್ನು ಬೇಡ ಎನ್ನುವ ನಾಲಿಗೆ ಈ ಜಿಲ್ಲೆಯಲ್ಲಿ ಮೂವತ್ತು ವರ್ಷ ಬದುಕಿದವನಿಗೆ ಉಳಿದಿರುವುದಿಲ್ಲ.

ಕೊಡಗಿನಲ್ಲಿ ಮರಕ್ಕೆ ಬರವೇ ಎಂದು ನೀವು ಕೇಳಬಹುದು. ಮರಕ್ಕಿಲ್ಲ. ಆದರೆ ಪ್ರತಿ ಮರವೂ ಯಾರದೋ ತೋಟದ ಬೇಲಿಯ ಒಳಗಿದೆ, ಬೇಲಿಯ ಆಚೆ ನಾಯಿಯಿದೆ, ನಾಯಿಯ ಹಿಂದೆ ಮನೆಯಿದೆ, ಮನೆಯಲ್ಲಿ ಲೈಸೆನ್ಸ್ ಬೇಡದ ಕೋವಿಯಿದೆ. ರಸ್ತೆ ದಾಟಿ ಸ್ವಲ್ಪ ದೂರ ನಡೆದರೆ ಬೇಲಿಯೂ ಇಲ್ಲದ, ಕತ್ತಿ ಸೋಂಕದ, ದಟ್ಟವಾದ ಕಾಡಿನ ತುಣುಕೊಂದು ಕಂಡಿತು. ನನಗಾಗಿಯೇ ಬಿಟ್ಟಂತಿತ್ತು. ಅತ್ತ ಹೆಜ್ಜೆ ಹಾಕುತ್ತಿದ್ದಂತೆ ಸೈಕಲ್ಲಿನ ಹುಡುಗನೊಬ್ಬ ಕೂಗಿದ: "ಅಂಕಲ್, ಚಪ್ಪಲಿ ಬಿಚ್ಚಿ ಹೋಗಿ. ದೇವರಕಾಡು ಅದು." ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ ಎಂದು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದವನು ನಾನೇ. ಅವುಗಳಲ್ಲಿ ಒಂದು ಕಡಿಮೆಯಿದ್ದಿದ್ದರೆ ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು. ಕೈಮುಗಿದು ವಾಪಸ್ಸು ಬಂದೆ.

ಆಗಲೇ ಅವರು ಕಂಡದ್ದು. ಮೈದಾನದ ಅಂಚಿನಲ್ಲಿ ಏಳೆಂಟು ಮಂದಿ ಗಂಡಸರು, ಎಲ್ಲರೂ ಅರವತ್ತು ದಾಟಿದವರು, ಮಾತಿಲ್ಲದೆ, ಒಬ್ಬರ ಹಿಂದೊಬ್ಬರು ಬಿರಬಿರನೆ ಹೋಗುತ್ತಿದ್ದರು. ಆ ವಯಸ್ಸಿನ ಗಂಡಸರು ಮಾತಿಲ್ಲದೆ, ಸಾಲಾಗಿ, ಅವಸರದಿಂದ ಹೋಗುವುದು ಒಂದೇ ಕಡೆಗೆ ಎಂಬುದು ನನ್ನ ತರ್ಕ. ಕೊನೆಯವರ ಹಿಂದೆ ಸೇರಿಕೊಂಡೆ. ಸ್ವಯಂಸೇವಕ ಹುಡುಗ ಹಗ್ಗ ಎತ್ತಿ ಒಳಗೆ ಬಿಟ್ಟ. ನನ್ನ ಕಪ್ಪು ಕೋಟು ನೋಡಿ ಎದೆಗೆ ಒಂದು ಬ್ಯಾಡ್ಜು ಚುಚ್ಚಿದ. ಒಂದಕ್ಕೆ ಹೋಗುವವರಿಗೂ ಬ್ಯಾಡ್ಜು! ಕೊಡಗಿನ ಶಿಸ್ತೇ ಶಿಸ್ತು ಎಂದು ಮೆಚ್ಚಿಕೊಂಡೆ. ನೆಲ ನೋಡುತ್ತಲೇ ನಡೆದೆ; ಆ ಸ್ಥಿತಿಯಲ್ಲಿ ಮನುಷ್ಯ ದಿಗಂತ ನೋಡುವುದಿಲ್ಲ. ಕಾಲ ಕೆಳಗೆ ಬಿಳಿ ಗೆರೆಯೊಂದು ಹಾದುಹೋಯಿತು. ಇನ್ನೊಂದು ಗೆರೆ. ತಲೆಯೆತ್ತಿದೆ. ಮೈದಾನದ ನಟ್ಟನಡುವೆ ನಿಂತಿದ್ದೆ. ಎದುರಿಗೆ ಎರಡು ತಂಡಗಳು ಸ್ಟಿಕ್ಕು ಹಿಡಿದು ಸಾಲಾಗಿ ನಿಂತಿದ್ದವು. ಸುತ್ತ ಸಾವಿರಾರು ಜನ. ಮೈಕಿನಲ್ಲಿ ಕೊಡವ ತಕ್ಕ್ ಧಾರಾಕಾರವಾಗಿ ಸುರಿಯುತ್ತಿತ್ತು, ಅದರಲ್ಲಿ ನನಗೆ ಬಿಡಿಸಿ ಕೇಳಿದ ಪದ 'ಅತಿಥಿ' ಒಂದೇ. ಸುರಿಯುತ್ತಿತ್ತು ಎಂಬ ಕ್ರಿಯಾಪದವನ್ನು ಆಗ ಮನಸ್ಸಿನಲ್ಲೂ ಬಳಸಬಾರದಿತ್ತು.

ಹನ್ನೊಂದು, ಹನ್ನೊಂದು, ಇಪ್ಪತ್ತೆರಡು. ಅಂಪೈರುಗಳು ಇಬ್ಬರು. ಇಪ್ಪತ್ತನಾಲ್ಕು ಕೈ.

ಮೊದಲನೆಯವನೇ ಗೋಲ್‌ಕೀಪರ್. ಹಿರಿಯರಿಗೆ ಗ್ಲೌಸ್ ಹಾಕಿದ ಕೈ ಕೊಡುವುದು ಮರ್ಯಾದೆಯಲ್ಲ ಎಂದು ಅವನು ಪಟ್ಟಿ ಬಿಚ್ಚತೊಡಗಿದ. ಚರ್ರ್ ಎಂದು ಒಂದು ಪಟ್ಟಿ. ಚರ್ರ್ ಎಂದು ಇನ್ನೊಂದು. ಆ ಸದ್ದು ನನಗೆ ಹೇಗೆ ಕೇಳಿಸಿತು ಎಂದು ವಿವರಿಸಲಾರೆ. "ಬೇಡಪ್ಪ, ಬೇಡ" ಎಂದು ಗ್ಲೌಸನ್ನೇ ಹಿಡಿದು ಅಲ್ಲಾಡಿಸಿ ಮುಂದೆ ಹೋದೆ. ಎರಡನೆಯದು ಹತ್ತು ವರ್ಷದ ಪೋರ, ಕೈಕೊಟ್ಟು ನನ್ನ ಕಾಲಿಗೂ ಬಿದ್ದ. ಅವನನ್ನು ಎತ್ತಲು ಬಗ್ಗಬೇಕು, ಬಗ್ಗುವಂತಿಲ್ಲ. ನಿಂತಲ್ಲಿಂದಲೇ ಗಾಳಿಯಲ್ಲಿ ಆಶೀರ್ವಾದ ಮಾಡಿದೆ. ಮೂರು, ನಾಲ್ಕು. ಐದನೆಯವನು ಕೈ ಹಿಡಿದವನು ಬಿಡಲಿಲ್ಲ. "ಸಾರ್! ನಾನು ನಿಮ್ಮ ಸ್ಟೂಡೆಂಟ್, 1998ರ ಬ್ಯಾಚು. ನಿಮ್ಮ ಗದಾಯುದ್ಧದ ಪಾಠ ಇನ್ನೂ ಕಣ್ಣಿಗೆ ಕಟ್ಟಿದೆ ಸಾರ್, ಆ ವೈಶಂಪಾಯನ ಸರೋವರ..." ಅಯ್ಯಾ ಶಿಷ್ಯ, ರನ್ನನ ಕಾವ್ಯದಲ್ಲಿ ನಿನಗೆ ನೆನಪಿರುವುದು ಅದೊಂದೇ ಸರೋವರವೇ? ದುರ್ಯೋಧನನಾದರೋ ನೀರಿನ ಒಳಗೆ ಕೂತು ಬೆವರಿದ. ನೀರನ್ನೇ ಒಳಗಿಟ್ಟುಕೊಂಡು ಬೆವರುತ್ತಿದ್ದವನ ಪಾಡು ಯಾವ ಕವಿಗೂ ಹೊಳೆದಿಲ್ಲ.

ಎರಡನೇ ತಂಡದ ನಡುವಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಇದ್ದರು, ಮೊಣಕಾಲಿಗೆ ಪಟ್ಟಿ, ಸ್ಟಿಕ್ಕು ಹಿಡಿದ ರೀತಿ ನೋಡಿದರೆ ಹಳೆಯ ಆಟಗಾರ್ತಿ. ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಕೈಯನ್ನು ತಾಗಿಸಿದಂತೆ ಮಾಡಿ ಬಿಟ್ಟರು. ಆ ಮೈದಾನದಲ್ಲಿ ವಿಷಯ ಅರ್ಥವಾದದ್ದು ಅವರೊಬ್ಬರಿಗೇ. ಕಾರಣ ಆಮೇಲೆ ತಿಳಿಯಿತು, ಹೇಳುತ್ತೇನೆ.

ಇಪ್ಪತ್ತನಾಲ್ಕು ಮುಗಿಯಿತು ಎನ್ನುವಾಗ ನಮ್ಮ ಸಾಲಿನ ಮುಂದಾಳು, ನಿವೃತ್ತ ಕರ್ನಲ್ ಸಾಹೇಬರು, ಧಾರಾಳವಾಗಿ, "ಬದಲಿ ಆಟಗಾರರನ್ನೂ ಕರೀರಿ, ಅವರೂ ನಮ್ಮ ಮಕ್ಕಳಲ್ವಾ" ಎಂದರು. ಬಂದರು. ಆಮೇಲೆ ಗ್ರೂಪ್ ಫೋಟೊ. ಸೂರ್ಯ ಎದುರಿಗಿದ್ದಾನೆ ಎಂದು ಆ ಕಡೆ ತಿರುಗಿಸಿ ಇನ್ನೊಂದು. ನಾನು ಎರಡೂ ಹಿಮ್ಮಡಿ ಜೋಡಿಸಿ, ತೊಡೆ ಬಿಗಿದು, ಹೊಟ್ಟೆ ಒಳಗೆಳೆದು, ಗಲ್ಲ ಎತ್ತಿ, ಉಸಿರು ಹಿಡಿದು ನಿಂತಿದ್ದೆ. ಬೇರೆ ಯಾವ ಭಂಗಿಯಲ್ಲಿ ನಿಂತಿದ್ದರೂ ಅನಾಹುತವಾಗುತ್ತಿತ್ತು. ಕರ್ನಲ್ ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಜನರಲ್ ತಿಮ್ಮಯ್ಯನವರ ನಾಡಿನಲ್ಲಿ ಸಿವಿಲಿಯನ್ ಒಬ್ಬ ಹಾಗೆ ನಿಲ್ಲುವುದಿಲ್ಲ. ಬಾಗಿ ಕಿವಿಯಲ್ಲಿ ಕೇಳಿದರು: "ಯಾವ ರೆಜಿಮೆಂಟ್?"

ಹಲ್ಲು ಕಚ್ಚಿಕೊಂಡೇ, "ಜಲಬಾಧೆ ಸಾರ್" ಎಂದೆ.

ಮೈಕಿನ ಗದ್ದಲದಲ್ಲಿ ಅವರಿಗೆ ಮೊದಲೆರಡು ಅಕ್ಷರ ಮಾತ್ರ ಕೇಳಿಸಿತು. "ಓ! ನೇವಿ!" ಎಂದು ಬೆನ್ನು ತಟ್ಟಿದರು. ಬೆನ್ನನ್ನಾದರೂ ತಟ್ಟಬಾರದಿತ್ತು. ಸಂತೋಷಕ್ಕೆ, ತಾವು ಹೊಡೆದು ಆಟ ಶುರು ಮಾಡಬೇಕಿದ್ದ ಸ್ಟಿಕ್ಕನ್ನೂ ನನ್ನ ಕೈಗೇ ಕೊಟ್ಟರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ತಂದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯನವರ ಜಿಲ್ಲೆಯಲ್ಲಿ, ಅಷ್ಟು ಜನರ ಎದುರು, ನಾನು ಸೊಂಟವನ್ನು ಒಂದಂಗುಲವೂ ಬಗ್ಗಿಸದೆ, ಪೊರಕೆ ಹಿಡಿದವನಂತೆ ಚೆಂಡನ್ನು ಗುಡಿಸಿದೆ. ಅದು ಅರ್ಧ ಮಾರು ಉರುಳಿ ನಿಂತಿತು. ಚಪ್ಪಾಳೆ. ನನಗೆ ನಾಚಿಕೆಯಾಯಿತು, ಒಳಗೊಳಗೇ ಖುಷಿಯೂ ಆಯಿತು. ಜೀವಮಾನದಲ್ಲಿ ನನಗೆ ಅಷ್ಟು ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಹಗ್ಗ ದಾಟಿದ ಕೂಡಲೇ ಬ್ಯಾಡ್ಜು ಚುಚ್ಚಿದ ಹುಡುಗನನ್ನು ಹಿಡಿದುಕೊಂಡೆ. ಮೂವತ್ತು ವರ್ಷದ ಕನ್ನಡ, ಪಂಪ, ರನ್ನ ಎಲ್ಲ ಉದುರಿಹೋಗಿ ಹುಟ್ಟೂರಿನ ಭಾಷೆಯೊಂದೇ ಉಳಿದಿತ್ತು. "ತಮ್ಮಾ, ಉಚ್ಚೆ ಹೊಯ್ಯೋದು ಎಲ್ಲಿ?"

ಹುಡುಗ ಒಂದು ಕ್ಷಣವೂ ತಡವರಿಸಲಿಲ್ಲ. "ಗ್ಯಾಲರಿ ಹಿಂದೆನೇ ಸಾರ್. ಬಾಣ ಹಾಕಿ ಬೋರ್ಡು ಕಟ್ಟಿದ್ವಿ, ಯಾರೋ ಅದರ ಮೇಲೆ ರೇನ್‌ಕೋಟು ನೇತಾಕಿದ್ದಾರೆ ನೋಡಿ. ಅದರ ಹಿಂದೆ."

ಮುಂದಿನದನ್ನು ಬೇಗ ಮುಗಿಸುತ್ತೇನೆ. ನೀಲಿ ಟಾರ್ಪಾಲು, ತಗಡಿನ ಬಾಗಿಲು, ಒಂದು ಡ್ರಮ್ಮು ನೀರು, ಪ್ಲಾಸ್ಟಿಕ್ ಚೊಂಬು. ಗಂಡಸರ ಕಡೆ ಕ್ಯೂ ಇರಲಿಲ್ಲ. ಹಗುರಾಗಿ ಹೊರಗೆ ಬಂದವನಿಗೆ ಲೋಕವೆಲ್ಲ ಸುಂದರವಾಗಿ ಕಾಣುತ್ತಿತ್ತು, ಪಕ್ಕದ ಸಾಲಿನ ಮೇಲೆ ಕಣ್ಣು ಬೀಳುವವರೆಗೆ. ಹೆಂಗಸರ ಕಡೆ ಮೂವತ್ತು ಜನರಿದ್ದರು. ಸೀರೆಯುಟ್ಟ ಅಜ್ಜಿಯರು, ಮಗು ಎತ್ತಿಕೊಂಡವರು, ಜೆರ್ಸಿ ಹಾಕಿ ಮುಂದಿನ ಪಂದ್ಯಕ್ಕೆ ಹೊತ್ತಾಯಿತೆಂದು ಚಡಪಡಿಸುತ್ತಿದ್ದ ಹುಡುಗಿಯರು. ಸಾಲಿನ ಕೊನೆಯಲ್ಲಿ ನಮ್ಮ ಮನೆಯಾಕೆ.

"ಇಲ್ಲಿದೆ ಅಂತ ನಿನಗೆ ಗೊತ್ತಿತ್ತಾ?"

"ಬಂದ ಕೂಡಲೇ ನೋಡಿಟ್ಟಿದ್ದೆ. ಎಲ್ಲಿ ಹೋದರೂ ಮೊದಲು ಅದನ್ನೇ ನೋಡೋದು. ನೀವು ಕೇಳಲಿಲ್ಲ."

"ಮತ್ತೆ ಆಗಲೇ ಬರಬಾರದಿತ್ತಾ?"

"ಎರಡು ಸಲ ಬಂದೆ. ಇಷ್ಟೇ ಉದ್ದ ಇತ್ತು, ವಾಪಸ್ ಹೋದೆ."

ಹೇಳಿದ ದನಿಯಲ್ಲಿ ದೂರು ಇರಲಿಲ್ಲ, ಅದೇ ಚುಚ್ಚಿತು. ನಾನು ಒಂದು ಗಂಟೆ ಪಟ್ಟ ಪಾಡನ್ನು ಮಹಾಕಾವ್ಯ ಮಾಡಿಕೊಂಡು ನಿಂತಿದ್ದೆ, ಇವಳು ಮದುವೆಮನೆ, ಜಾತ್ರೆ, ಬಸ್ಸು ಪ್ರಯಾಣ ಎಂದು ನಲವತ್ತು ವರ್ಷದಿಂದ ಇದನ್ನೇ ಪಟ್ಟಿದ್ದಾಳೆ. ಗಂಡಸರಿಗೆ ನಾಲ್ಕು, ಹೆಂಗಸರಿಗೆ ನಾಲ್ಕು, ಸಮಪಾಲು ಎಂದು ಪ್ಲಾನ್ ಬರೆಯುವ ಜನ ಊರೂರಿನಲ್ಲೂ ಇದ್ದಾರೆ. ನಮಗೆ ಅರ್ಧ ನಿಮಿಷ ಸಾಕು. ಅವರಿಗೆ ಬಾಗಿಲು ಬೇಕು, ಚಿಲಕ ಬೇಕು, ಸೀರೆ ಎತ್ತಿ ಹಿಡಿಯಲು ಜಾಗ ಬೇಕು, ಜೊತೆಗಿರುವ ಮಗುವಿನದೂ ಆಗಬೇಕು. ಒಂದು ದಿನ ಆ ಪ್ಲಾನ್ ಬರೆದವನಿಗೆ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿಸಿ ಆ ಸಾಲಿನ ಕೊನೆಯಲ್ಲಿ ನಿಲ್ಲಿಸಬೇಕು. ಮೊಣಕಾಲಿಗೆ ಪಟ್ಟಿ ಕಟ್ಟಿದ್ದ ಆ ಆಟಗಾರ್ತಿಗೆ ನನ್ನ ಮುಖ ಒಂದೇ ನೋಟಕ್ಕೆ ಯಾಕೆ ಓದಲು ಬಂತು ಎಂಬುದೂ ಅಲ್ಲಿ ನಿಂತಾಗ ಹೊಳೆಯಿತು.

ಗೆಳೆಯನ ಒಕ್ಕ ಆ ದಿನ ಸೋತಿತು. ಅದರ ದುಃಖ ಅವನಿಗೆ ಮೂರ್ನಾಡಿನವರೆಗೂ ಇರಲಿಲ್ಲ. ದಾರಿಯುದ್ದಕ್ಕೂ ನನ್ನ ಫೋಟೊವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. "ಮೇಷ್ಟ್ರೇ, ಕಣ್ಣಲ್ಲಿ ನೀರು ಬಂದಿದೆ ನೋಡಿ. ನಮ್ಮ ಹಾಕಿ ಮೇಲೆ ಇಷ್ಟು ಅಭಿಮಾನ ಇದೆ ಅಂತ ಗೊತ್ತಿರಲಿಲ್ಲ." ಒಕ್ಕದ ವಾಟ್ಸಾಪ್ ಗುಂಪಿಗೂ ಹಾಕಿಬಿಟ್ಟ.

ಮಡಿಕೇರಿಯ ಟೋಲ್‌ಗೇಟ್ ದಾಟಿ ನಮ್ಮ ಮನೆಯ ತಿರುವು ಕಾಣಿಸಿದ ಮೇಲೆ ಇವಳು ಚೀಲದಿಂದ ನೀರಿನ ಬಾಟಲಿ ತೆಗೆದಳು. ಬೆಳಗ್ಗೆ ನಾನೇ ತುಂಬಿಸಿಕೊಟ್ಟದ್ದು, ಕುತ್ತಿಗೆಯವರೆಗೂ ಹಾಗೆಯೇ ಇತ್ತು. ಮುಚ್ಚಳ ತಿರುಗಿಸಿದಾಗ ಟಕ್ಕೆಂದು ಸದ್ದಾಯಿತು. ತಲೆಯೆತ್ತಿ ಗಟಗಟನೆ ಮುಕ್ಕಾಲು ಬಾಟಲಿ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, ಉಳಿದದ್ದನ್ನು ನನ್ನ ಕಡೆ ಚಾಚಿದಳು.

ನಾನು ಬೇಡ ಎಂದೆ.