ಹತ್ತಿದ ಮೇಲೆ ಇಳಿಯಲೇಬೇಕು

ವಯಸ್ಸಾದ ಸೈಕಲ್ ಸವಾರರಲ್ಲಿ ಮೂರು ಪಂಗಡ. ಹೈಸ್ಕೂಲಿನಲ್ಲಿ ಹತ್ತಿದ ಸೈಕಲ್ಲನ್ನು ಇಂದಿಗೂ ಬಿಡದವರದು ಮೊದಲನೆಯದು. ನಡುವೆ ಮೂವತ್ತು ವರ್ಷ ಸ್ಕೂಟರು, ಕಾರು ಎಂದು ದಾರಿ ತಪ್ಪಿ, ನಿವೃತ್ತಿಯಾದ ಮೇಲೆ ಡಾಕ್ಟರ ಮಾತಿಗೋ ಸಕ್ಕರೆಯ ರಿಪೋರ್ಟಿಗೋ ಹೆದರಿ ಮರಳಿ ಬಂದವರದು ಎರಡನೆಯದು. ಸಂಖ್ಯೆಯಲ್ಲಿ ಇವರೇ ಹೆಚ್ಚು, ಸಲಹೆ ಕೊಡುವವರೂ ಇವರೇ. ಅರವತ್ತು ದಾಟಿದ ಮೇಲೆ ಮೊದಲ ಸಲ ಕಲಿತವರು ಮೂರನೆಯವರು. ಇಂಥವರು ವಿರಳ, ಆದರೆ ಅವರಲ್ಲೊಂದು ದೊಡ್ಡ ಹೆಸರಿದೆ. ಲಿಯೊ ಟಾಲ್‌ಸ್ಟಾಯ್ ಮಾಸ್ಕೋದಲ್ಲಿ ಸೈಕಲ್ ಕಲಿತದ್ದು 1895ರಲ್ಲಿ, ತಮ್ಮ 67ನೆಯ ವರ್ಷದಲ್ಲಿ. ‘ಯುದ್ಧ ಮತ್ತು ಶಾಂತಿ’ ಬರೆದು ಮುಗಿಸಿ ಆಗಲೇ ಕಾಲು ಶತಮಾನ ಕಳೆದಿತ್ತು, ಗಡ್ಡ ಎದೆ ಮುಟ್ಟಿತ್ತು. ಅಷ್ಟು ದೊಡ್ಡ ಕಾದಂಬರಿಯನ್ನು ಹಿಡಿತದಲ್ಲಿ ಇಟ್ಟುಕೊಂಡವರಿಗೆ ಒಂದು ಹ್ಯಾಂಡಲ್ ಯಾವ ಲೆಕ್ಕ ಎನ್ನುವವರು ಸೈಕಲ್ ಕಲಿತಿಲ್ಲ ಎಂದೇ ತಿಳಿಯಬೇಕು.

ಪಂಗಡ ಯಾವುದಾದರೂ ಕಷ್ಟ ಒಂದೇ, ಮತ್ತು ಅದು ಸೈಕಲ್ ಓಡಿಸುವ ಕಷ್ಟವಲ್ಲ. ಮಂಡಿನೋವಿಗೆ ಹೆದರಿ ಮಹಡಿ ಮೆಟ್ಟಿಲು ಹತ್ತದವರೂ ಸಮತಟ್ಟಾದ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಸಲೀಸಾಗಿ ತುಳಿಯುತ್ತಾರೆ. ಮೈಭಾರವನ್ನು ಸೀಟು ಹೊತ್ತಿರುವುದರಿಂದ ಮಂಡಿಗೆ ಹೊರೆ ಕಡಿಮೆ. ಜೊತೆಗೆ ಸೈಕಲ್ಲಿಗೆ ತಾನೇ ಬೀಳದೆ ಸಾವರಿಸಿಕೊಳ್ಳುವ ಗುಣವಿದೆ. ತಕ್ಕಷ್ಟು ವೇಗ ಕೊಟ್ಟು ಕೈಬಿಟ್ಟರೆ ಸವಾರನಿಲ್ಲದೆಯೂ ಸ್ವಲ್ಪ ದೂರ ನೆಟ್ಟಗೆ ಹೋಗುತ್ತದೆ. ತಿರುಗುವ ಚಕ್ರಗಳು ಬುಗುರಿಯ ಹಾಗೆ ನಿಲ್ಲುವುದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಚಕ್ರದ ಆ ಪರಿಣಾಮವನ್ನು ತೆಗೆದುಹಾಕಿದ ಒಂದು ಸೈಕಲ್ ಮಾಡಿ ಓಡಬಿಟ್ಟರು, ಅದೂ ಬೀಳಲಿಲ್ಲ. ಹೀಗಾಗಿ ಸೀಟಿನ ಮೇಲೆ ಕೂತಿರುವಷ್ಟು ಹೊತ್ತು ಸವಾರರ ವಯಸ್ಸು ಯಾರ ಗಮನಕ್ಕೂ ಬರುವುದಿಲ್ಲ. ಬರುವುದು ಹತ್ತುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ. ಎಪ್ಪತ್ತರ ಯಜಮಾನರು ಸೀಟಿನ ಮೇಲೆ ನಲವತ್ತರವರು. ಸಿಗ್ನಲ್ ಕೆಂಪಾದ ಕ್ಷಣಕ್ಕೆ ಎಂಬತ್ತು.

1870ರ ದಶಕದ ಇಂಗ್ಲೆಂಡಿನಲ್ಲಿ ಈ ಕಷ್ಟಕ್ಕೆ ಎತ್ತರವೂ ಸೇರಿಕೊಂಡಿತ್ತು. ಅಂದಿನ ಸೈಕಲ್ಲಿನ ಮುಂಚಕ್ರ ಎದೆಮಟ್ಟ, ಹಿಂಚಕ್ರ ಮೊಣಕಾಲುದ್ದ; ಸವಾರ ಮುಂಚಕ್ರದ ನೆತ್ತಿಯ ಮೇಲೆ ಕೂರಬೇಕು, ಕಲ್ಲೊಂದು ಅಡ್ಡ ಸಿಕ್ಕರೆ ತಲೆ ಮೊದಲಾಗಿ ಇಳಿಯಬೇಕು. ತಲೆ ನರೆತವರು ಮರ್ಯಾದೆಯಾಗಿ ಮೂರು ಚಕ್ರದ ಗಾಡಿಗಳಿಗೆ ಹೋದರು. 1881ರಲ್ಲಿ ರಾಣಿ ವಿಕ್ಟೋರಿಯಾ ಕೂಡ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿಯಿಂದ ಅಂಥ ಎರಡು ಗಾಡಿ ತರಿಸಿಕೊಂಡರು, ಆಗ ಅವರಿಗೆ 62. ಅದೇ ಸ್ಟಾರ್ಲಿಯ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಎರಡೂ ಚಕ್ರಗಳನ್ನು ಹೆಚ್ಚು ಕಡಿಮೆ ಒಂದೇ ಅಳತೆಗೆ ತಂದು, ಚೈನಿನಿಂದ ಹಿಂಚಕ್ರ ತಿರುಗುವ ‘ರೋವರ್’ ಸೈಕಲ್ ಮಾಡಿದರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಸೊಂಟದ ಪಾಲಿಗೆ ಸೈಕಲ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನ ಇಲ್ಲ.

ಆ ರೋವರ್ ವಂಶದ ಕುಡಿಯೇ ಕರ್ನಾಟಕದ ಹಿರಿಯರ ಕಪ್ಪು ಸೈಕಲ್. ಮೊದಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ ರ‍್ಯಾಲೆ, ಹರ್ಕ್ಯುಲಿಸ್, ಬಿಎಸ್ಎ, ಫಿಲಿಪ್ಸ್‌ಗಳು ಸ್ವಾತಂತ್ರ್ಯದ ನಂತರ ಇಲ್ಲೇ ತಯಾರಾಗತೊಡಗಿದವು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ ಶುರುವಾದವು. ಕಂಪನಿ ಬೇರೆಯಾದರೂ ಮಾಲು ಹೆಚ್ಚು ಕಡಿಮೆ ಒಂದೇ: 28 ಇಂಚಿನ ಚಕ್ರ, ಕೇಬಲ್ಲಿಲ್ಲದ ರಾಡ್ ಬ್ರೇಕು, ಸ್ಪ್ರಿಂಗ್ ಹಾಕಿದ ಚರ್ಮದ ಸೀಟು, ಪಂಚೆ ಸಿಕ್ಕಿಕೊಳ್ಳದ ಹಾಗೆ ಚೈನ್ ಕವರು, ಹಿಂದೆ ಕ್ಯಾರಿಯರ್, ಟೈರಿಗೆ ಉಜ್ಜಿಕೊಂಡು ತಿರುಗುವ ಡೈನಮೊ. ತೂಕ 20 ಕೆ.ಜಿ. ಆಸುಪಾಸು. ಬೆನ್ನು ನೆಟ್ಟಗಿಟ್ಟು, ಗೋಣು ಎತ್ತಿ, ಎದುರು ಬಂದವರಿಗೆ ನಮಸ್ಕಾರ ಹೇಳಿಕೊಂಡು ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ವಾಹನ ಇನ್ನೂ ಬಂದಿಲ್ಲ. ಮಳೆಯಲ್ಲಿ ಮಾತ್ರ ಬ್ರೇಕು ಕೈಕೊಡುತ್ತದೆ. ಒದ್ದೆಯಾದ ಉಕ್ಕಿನ ರಿಮ್ಮನ್ನು ರಬ್ಬರು ಹಿಡಿಯುವುದಿಲ್ಲ, ಸವರುತ್ತದೆ ಅಷ್ಟೆ. ಆದ್ದರಿಂದಲೇ ಹಳೆಯ ಸವಾರರು ಅಂಚೆ ಕಚೇರಿಯ ಮುಂದೆ ನಿಲ್ಲಬೇಕಾದರೆ ಅದಕ್ಕೆ ಹಿಂದಿನ ತಿರುವಿನಲ್ಲೇ ಮನಸ್ಸು ಮಾಡಿರುತ್ತಾರೆ.

ಈ ಸೈಕಲ್ ಹತ್ತುವ ಕ್ರಮ ಹೀಗೆ. ಪಂಚೆಯನ್ನು ಎತ್ತಿ ಕಟ್ಟಬೇಕು, ಪ್ಯಾಂಟಾದರೆ ಬಲಗಾಲಿನದನ್ನು ಮಡಚಬೇಕು ಇಲ್ಲವೆ ಕ್ಲಿಪ್ ಹಾಕಬೇಕು. ಸ್ಟ್ಯಾಂಡ್ ಒದ್ದು, ಎಡಗಾಲನ್ನು ಎಡ ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲಕ್ಕೆ ಎರಡು ಮೂರು ಸಲ ಒದೆಯಬೇಕು. ಸೈಕಲ್ ಓಟ ಹಿಡಿದಾಗ ಬಲಗಾಲು ಹಿಂದಕ್ಕೆ ಚಾಚಿ, ಕ್ಯಾರಿಯರ್ ಮೇಲಿಂದ ಒಂದು ಸುತ್ತು ತಿರುಗಿ ಆ ಕಡೆಗೆ ಇಳಿಯಬೇಕು. ಕ್ಯಾರಿಯರಿನಲ್ಲಿ ರೇಷನ್ ಚೀಲ ಇದ್ದರೆ ಸುತ್ತು ಇನ್ನೂ ಒಂದಡಿ ಎತ್ತರ. ವಯಸ್ಸಾದಂತೆ ಎರಡು ಮೂರು ಒದೆತ ಏಳೆಂಟಾಗುತ್ತದೆ. ತಮ್ಮ ಮನೆ ಮುಂದೆ ಹತ್ತಲು ಶುರುಮಾಡಿದವರು ಹತ್ತಿ ಮುಗಿಸುವುದು ಆಚೆ ಮೂರನೇ ಮನೆಯ ಮುಂದೆ. ಆ ಮನೆಯವರು ಗಡಿಯಾರ ನೋಡದೆ ಹೊತ್ತು ತಿಳಿಯುತ್ತಾರೆ. ಹತ್ತುವುದು ಇಷ್ಟು ಕಷ್ಟವಾಗಲು ಹಿಂದೆ ಕೊಳ್ಳುವಾಗ ನಡೆದ ಒಂದು ವ್ಯವಹಾರವೂ ಕಾರಣ. ಫ್ರೇಮುಗಳು 22 ಮತ್ತು 24 ಇಂಚಿನಲ್ಲಿ ಸಿಗುತ್ತಿದ್ದವು; ಬೆಳೆಯುವ ಹುಡುಗ ಎಂದು ಅಪ್ಪಂದಿರು 24ರದ್ದನ್ನೇ ಕೊಡಿಸಿದರು. ಎಷ್ಟೋ ಹುಡುಗರು ಅಷ್ಟು ಬೆಳೆಯಲಿಲ್ಲ. ಒಳಪೆಡಲು ತುಳಿದು ಕಲಿತು, ಬಾರಿನ ಮೇಲೆ ಹೇಗೋ ಕಾಲ ಕಳೆದು, ಈಗ ಎಪ್ಪತ್ತರಲ್ಲಿ ಮತ್ತೆ ಕುಗ್ಗುತ್ತಿದ್ದಾರೆ.

ಇಳಿಯುವುದು ಇದರ ತಿರುಗುಮುರುಗು, ಆದರೆ ಓಡುತ್ತಿರುವಾಗಲೇ ಆಗಬೇಕು. ಅದು ಆಗದಾದಾಗ ಸವಾರರು ಊರಿನ ಭೂಪಟವನ್ನೇ ಬದಲಿಸಿಕೊಳ್ಳುತ್ತಾರೆ. ಕಾಲು ಊರಲು ಅನುಕೂಲವಾದ ಕಟ್ಟೆ, ಮೋರಿಯ ಕಲ್ಲುಚಪ್ಪಡಿ, ಅಂಗಡಿ ಮೆಟ್ಟಿಲು, ಮೈಲಿಗಲ್ಲು ಎಲ್ಲೆಲ್ಲಿವೆ ಎಂಬುದರ ಮೇಲೆ ದಿನದ ಕೆಲಸಗಳು ನಿರ್ಧಾರವಾಗುತ್ತವೆ. ಮುಂದೆ ಕಟ್ಟೆಯಿರುವ ಅಂಗಡಿಯಲ್ಲಿ ಬದನೆಕಾಯಿಗೆ ಐದು ರೂಪಾಯಿ ಜಾಸ್ತಿ ಕೊಟ್ಟು ಬರುತ್ತಾರೆ. ನಗರಸಭೆಯವರು ರಸ್ತೆ ಅಗಲ ಮಾಡುವಾಗ ಕಲ್ಲುಗಳನ್ನೆಲ್ಲ ಕಿತ್ತು ಹಾಕಿದರೆ ವಾಕಿಂಗ್ ಹೋಗುವವರಿಗೆ ಏನೂ ಅನ್ನಿಸುವುದಿಲ್ಲ. ಇವರಿಗೆ ಮಾತ್ರ ಎರಡು ನಿಲ್ದಾಣ ರದ್ದಾದ ದುಃಖ.

ಬಾರ್ ಇಲ್ಲದ ಲೇಡೀಸ್ ಸೈಕಲ್ ತೆಗೆದುಕೊಂಡರೆ ಮುಕ್ಕಾಲು ತೊಂದರೆ ತೀರುತ್ತದೆ. ಕಾಲನ್ನು ಹಿಂದಿನಿಂದ ಎತ್ತದೆ ಮುಂದಿನಿಂದಲೇ ದಾಟಿಸಬಹುದು. ನೆದರ್ಲೆಂಡ್ಸ್, ಜಪಾನ್‌ಗಳಲ್ಲಿ ಗಂಡಸರೂ ಬಾರ್ ತಗ್ಗಿದ ಸೈಕಲ್ಲನ್ನು ಯಾವ ಸಂಕೋಚವೂ ಇಲ್ಲದೆ ಓಡಿಸುತ್ತಾರೆ. ಇಲ್ಲಿ ಗಂಡಸಿನ ಮಾನ ಬಹುಕಾಲ ಆ ಒಂದು ಕೊಳವೆಯ ಮೇಲೆ ನಿಂತಿತ್ತು. ಅದನ್ನು ಬಿಡಿಸಿದ ಶ್ರೇಯಸ್ಸು ಸರ್ಕಾರದ್ದು. 2006ರ ಸುಮಾರಿಗೆ ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತು. ಮೊಮ್ಮಗಳು ಎರಡು ವರ್ಷ ಓಡಿಸಿ, ಕಾಲೇಜಿಗೆ ಬಸ್ ಪಾಸ್ ಮಾಡಿಸಿಕೊಂಡಳು. ಸೈಕಲ್ ಜಗುಲಿಯ ಮೇಲೆ ಸುಮ್ಮನೆ ನಿಂತಿತು. ಸುಮ್ಮನೆ ನಿಂತದ್ದನ್ನು ಸಹಿಸುವ ಕಾಲದವರಲ್ಲ ಅಜ್ಜ. “ವ್ಯರ್ಥ ಆಗುತ್ತಲ್ಲ” ಎಂಬ ನೆಪದಲ್ಲಿ ಹಾಲಿನ ಡೈರಿಗೆ ಒಂದು ದಿನ ಹೋದರು, ಮರುದಿನವೂ ಹೋದರು. ಹಳ್ಳಿಗಳಲ್ಲಿ ಮುಂದೆ ಬುಟ್ಟಿಯಿರುವ ಶಾಲೆಯ ಸೈಕಲ್ ಮೇಲೆ ಟವೆಲ್ ಹೊದ್ದ ಅಜ್ಜಂದಿರು ಈಗ ಸಾಮಾನ್ಯ ನೋಟ. ಅಜ್ಜಿಯರು ಮಾತ್ರ ಇನ್ನೂ ಅಪರೂಪ. ಅವರ ಕಾಲದಲ್ಲಿ ಸೈಕಲ್ ಕಲಿಯಲು ಬಿಟ್ಟವರು ಕಡಿಮೆ, ಈಗ ಕಲಿಯುತ್ತೇನೆಂದರೆ ನಗುವವರು ಹೆಚ್ಚು.

ಸೀಟಿನ ಎತ್ತರದ ವಿಷಯದಲ್ಲಿ ತಜ್ಞರಿಗೂ ಹಿರಿಯರಿಗೂ ಹಳೆಯ ಜಗಳ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ಹೆಚ್ಚು ಕಡಿಮೆ ನೇರವಾಗಿ, ಮಂಡಿ ತುಸು ಮಡಚಿರಬೇಕು ಎಂಬುದು ಶಾಸ್ತ್ರ. ಹಾಗೆ ಏರಿಸಿದರೆ ಸೀಟಿನ ಮೇಲೆ ಕೂತು ಪಾದ ಊರಲಾಗದು. ಹಿರಿಯರು ಪಾದ ಊರುವುದಕ್ಕೆಂದು ಸೀಟನ್ನು ತೀರಾ ಇಳಿಸುತ್ತಾರೆ, ಮಂಡಿ ಎದೆಗೆ ಬರುವಂತೆ ತುಳಿಯುತ್ತಾರೆ, ನೋವು ಬಂದಾಗ ಸೈಕಲ್ಲನ್ನು ಬೈಯುತ್ತಾರೆ. ಸರಿಯಾದ ಉಪಾಯವೆಂದರೆ ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ನೆಲದ ಮೇಲೆ ನಿಲ್ಲುವುದು. ಬಾರ್ ತಗ್ಗಿದ್ದರೆ ಇದು ಸುಲಭ. ಪೆಡಲನ್ನು ಸೀಟಿಗಿಂತ ಸಾಕಷ್ಟು ಮುಂದಕ್ಕೆ ಇಟ್ಟು, ಕೂತಲ್ಲಿಂದಲೇ ಕಾಲೂರುವಂತೆ ಮಾಡಿದ ಸೈಕಲ್ಲುಗಳೂ ಇವೆ. ಏರಿನಲ್ಲಿ ಎದ್ದು ನಿಂತು ತುಳಿಯಲು ಆಗದು ಎಂಬುದು ಅವುಗಳ ಕೊರತೆ. ಎಪ್ಪತ್ತರಲ್ಲಿ ಯಾರೂ ಎದ್ದು ನಿಂತು ತುಳಿಯುವುದಿಲ್ಲವಾದ್ದರಿಂದ ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ.

ಇನ್ನು ಮಕ್ಕಳು ತಂದುಕೊಡುವ ಸೈಕಲ್. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ ಅಪ್ಪನ ಅರವತ್ತೈದನೇ ಹುಟ್ಟುಹಬ್ಬಕ್ಕೆ 21 ಗೇರಿನ ಸೈಕಲ್ ಕಳಿಸುತ್ತಾನೆ. ಅದಕ್ಕೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ ಇಲ್ಲ, ಸ್ಟ್ಯಾಂಡ್ ಕೂಡ ಇಲ್ಲ. “ಇಷ್ಟು ದುಡ್ಡು ಕೊಟ್ಟು ಗೋಡೆಗೆ ಒರಗಿಸೋದಾ?” ಎನ್ನುತ್ತಾರೆ ಅಪ್ಪ. ಹ್ಯಾಂಡಲ್ ತಗ್ಗಿರುವುದರಿಂದ ಮುಂದಿನ ಚಕ್ರ ಬಿಟ್ಟು ಬೇರೇನೂ ಕಾಣುವುದಿಲ್ಲ, ಎದುರಾದವರನ್ನು ಮಾತಾಡಿಸಲು ಕತ್ತು ನೋಯುತ್ತದೆ. ಮೂರು ತಿಂಗಳಲ್ಲಿ ಒಂದೊಂದಾಗಿ ಸ್ಟ್ಯಾಂಡು, ಬೆಲ್ಲು, ಮಡ್‌ಗಾರ್ಡು, ಕ್ಯಾರಿಯರು, ಎತ್ತರದ ಹ್ಯಾಂಡಲ್ಲು, ಅಗಲ ಸೀಟು ಸೇರಿಕೊಂಡು ಅದು ಹಳೆಯ ಕಪ್ಪು ಸೈಕಲ್ಲೇ ಆಗುತ್ತದೆ, ಬಣ್ಣವೊಂದು ಬಿಟ್ಟು. ಇಪ್ಪತ್ತೊಂದು ಗೇರುಗಳಲ್ಲಿ ಮೆಕ್ಯಾನಿಕ್ ಯಾವುದರಲ್ಲಿ ನಿಲ್ಲಿಸಿದ್ದನೋ ಅದರಲ್ಲೇ ಆಯುಷ್ಯ ಕಳೆಯುತ್ತದೆ. ಇದು ನಷ್ಟವೇ, ಏಕೆಂದರೆ ಗೇರು ಇರುವುದು ಹುಡುಗರಿಗಿಂತ ಹೆಚ್ಚಾಗಿ ಮುದುಕರಿಗೆ. ದಾವಣಗೆರೆಯ ಸಮತಟ್ಟಿನಲ್ಲಿ ಅದಿಲ್ಲದೆ ನಡೆದೀತು. ಮಂಗಳೂರಿನ ಏರುಗಳಲ್ಲಿ ಸಣ್ಣ ಗೇರಿಲ್ಲದೆ ಹೊರಟವರು ಸೈಕಲ್ ತಳ್ಳಿಕೊಂಡೇ ಬರುತ್ತಾರೆ. ತಳ್ಳುವುದರಲ್ಲಿ ಒಂದು ಲಾಭವುಂಟು, ಇಳಿಯುವ ಸಮಸ್ಯೆ ಇರುವುದಿಲ್ಲ.

ಕಪ್ಪು ಸೈಕಲ್ಲಿಗೆ ನಿಷ್ಠರಾದವರ ಕಷ್ಟ ಬಿಡಿಭಾಗಗಳದು. ಸೈಕಲ್ ಶಾಪಿನವರು “ಯಜಮಾನ್ರೇ, ಈ ಬ್ರೇಕ್ ರಾಡು ಈಗ ಬರಲ್ಲ” ಎಂದಾಗಲೆಲ್ಲ ಹಳೆಯ ಸಾಮಾನಿನ ಡಬ್ಬ ತೆಗೆಸಿ ಹುಡುಕಿಸುತ್ತಾರೆ. ಸಿಗದೆ ಹಿಂದಿರುಗುವುದು ಕಡಿಮೆ. ಬಿಡಿಭಾಗವಿರಲಿ, ಸೈಕಲ್ ಮಾಡುವವರದೇ ಕಷ್ಟ. ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಸಾರಿತು. 2020ರ ಜೂನ್ 3ರಂದೇ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಆಯುಧಪೂಜೆಯ ದಿನ ಮಾತ್ರ ಯಾವ ಕೊರತೆಯೂ ಕಾಣುವುದಿಲ್ಲ. ರಿಮ್ಮಿಗೆ ಎಣ್ಣೆ ಸವರಿ ಉಜ್ಜಿ, ಹ್ಯಾಂಡಲ್ಲಿಗೆ ಚೆಂಡುಹೂ ಸುತ್ತಿ, ಮುಂಚಕ್ರದಡಿ ನಿಂಬೆಹಣ್ಣು ಇಟ್ಟು, ಪಕ್ಕದ ಮನೆಯ ಕಾರಿಗಿಂತ ಒಂದು ಊದುಬತ್ತಿ ಹೆಚ್ಚೇ ಹಚ್ಚುತ್ತಾರೆ.

ಇಷ್ಟಕ್ಕೆ ತೃಪ್ತರಾಗದ ಹಿರಿಯರೂ ಇದ್ದಾರೆ. ಬೆಳಗಿನ ಜಾವ ಬಿಗಿಯುಡುಪು ತೊಟ್ಟು ನಂದಿಬೆಟ್ಟಕ್ಕೋ ಚಾಮುಂಡಿಬೆಟ್ಟಕ್ಕೋ ಹೊರಡುತ್ತಾರೆ. ಆ ಉಡುಪಿನಲ್ಲಿ ಹಾಲಿನವನ ಕಣ್ಣಿಗೆ ಬೀಳದಿರುವುದೇ ಇವರ ಮೊದಲ ಪಂದ್ಯ. ಕೆಲವರು ‘ಬ್ರೆವೆ’ ಎಂಬ ದೂರದ ಸವಾರಿಗಳಿಗೆ ಸೇರುತ್ತಾರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಸಮಯ. ಇದರಲ್ಲಿ ಮೊದಲನೆಯವರು, ಕೊನೆಯವರು ಎಂಬ ಸ್ಥಾನಗಳಿಲ್ಲ. ಹಿರಿಯರಿಗೆ ಇದಕ್ಕಿಂತ ಹೇಳಿಮಾಡಿಸಿದ ಕ್ರೀಡೆ ಇನ್ನೊಂದಿಲ್ಲ. ಇವರೆಲ್ಲರ ಕುಲದೇವತೆ ಫ್ರಾನ್ಸಿನ ರಾಬರ್ಟ್ ಮಾರ್ಷಾಂ. 1911ರಲ್ಲಿ ಹುಟ್ಟಿದ ಇವರು ಅಗ್ನಿಶಾಮಕ ದಳ, ಮರ ಕಡಿಯುವುದು, ಲಾರಿ ಓಡಿಸುವುದು ಮುಂತಾದ ಕೆಲಸಗಳನ್ನೆಲ್ಲ ಮಾಡಿ, ಅರವತ್ತೇಳರ ಸುಮಾರಿಗೆ ಸೈಕಲ್ಲಿಗೆ ಮರಳಿದರು. ನೂರು ದಾಟಿದವರ ಒಂದು ಗಂಟೆಯ ಓಟದಲ್ಲಿ 2012ರಲ್ಲಿ 24.25 ಕಿ.ಮೀ. ತುಳಿದರು, 2014ರಲ್ಲಿ, 102ರ ಹರೆಯದಲ್ಲಿ, 26.9 ಕಿ.ಮೀ. ಎರಡು ವರ್ಷದ ತರಬೇತಿಯಲ್ಲಿ ಅವರ ಮೈ ಆಮ್ಲಜನಕ ಬಳಸುವ ಶಕ್ತಿ ಶೇ. 13ರಷ್ಟು ಏರಿದ್ದನ್ನು ಕಂಡು ಶರೀರಶಾಸ್ತ್ರಜ್ಞರು ಪ್ರಬಂಧ ಬರೆದರು. 2017ರಲ್ಲಿ 105 ವರ್ಷವಾದಾಗ ದೂರ 22.5 ಕಿ.ಮೀ.ಗೆ ಇಳಿಯಿತು. ಇನ್ನು ಹತ್ತೇ ನಿಮಿಷ ಎಂಬ ಫಲಕ ಕಾಣಲಿಲ್ಲ, ಕಂಡಿದ್ದರೆ ಇನ್ನೂ ಜೋರಾಗಿ ತುಳಿಯುತ್ತಿದ್ದೆ ಎಂದರು. 2021ರಲ್ಲಿ, 109ನೇ ವಯಸ್ಸಿನಲ್ಲಿ ತೀರಿಕೊಂಡರು.

ಇತ್ತೀಚಿನದು ಬ್ಯಾಟರಿ ಸೈಕಲ್. ನೆದರ್ಲೆಂಡ್ಸ್‌ನಲ್ಲಿ ಮಾರಾಟವಾಗುವ ಹೊಸ ಸೈಕಲ್ಲುಗಳಲ್ಲಿ ಸುಮಾರು ಅರ್ಧದಷ್ಟು ಇವೇ. ಭಾರತದಲ್ಲಿ ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು ವೇಗ ಗಂಟೆಗೆ 25 ಕಿ.ಮೀ. ಮೀರದಿದ್ದರೆ ಲೈಸೆನ್ಸು, ನೋಂದಣಿ ಬೇಕಿಲ್ಲ. ಏರು, ಎದುರುಗಾಳಿಗಳ ಭಯ ಹೋಗುತ್ತದೆ. ಆದರೆ ಒದ್ದು ಒದ್ದು ಹತ್ತುವ ಹಳೆಯ ಪದ್ಧತಿಗೆ ಇದು ಒಗ್ಗುವುದಿಲ್ಲ. ಪೆಡಲ್ ಮೇಲೆ ಭಾರ ಬಿದ್ದ ಕೂಡಲೇ ಮೋಟರು ಎಳೆದು, ಸೈಕಲ್ ಮುಂದೆ, ಸವಾರರು ಹಿಂದೆ ಆಗುತ್ತಾರೆ. ಹತ್ತಿ ಕೂತ ಮೇಲೆಯೇ ಸ್ವಿಚ್ ಹಾಕಬೇಕು. ಹತ್ತಿಳಿಯುವ ಕಷ್ಟವೇ ಬೇಡವೆನ್ನುವವರಿಗೆ ಮೂರು ಚಕ್ರದ ಸೈಕಲ್ ಇದೆ; ಅದು ನಿಂತಲ್ಲಿ ಬೀಳುವುದಿಲ್ಲ, ನಿಜ. ತಿರುವಿನಲ್ಲಿ ಮಾತ್ರ ಅದು ಓರೆಯಾಗದು. ಎರಡು ಚಕ್ರದ ಅಭ್ಯಾಸದಲ್ಲಿ ಜೋರಾಗಿ ತಿರುಗಿಸಿದವರನ್ನು ಮಗುಚುತ್ತದೆ.

ಹಿರಿಯರಿಗೆ ಸೈಕಲ್ ಕೊಡಿಸುವವರು ಬಣ್ಣ, ಬ್ರಾಂಡು, ಗೇರಿನ ಸಂಖ್ಯೆಗಳನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಓಡಿಸುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಚೀಲವೊಂದನ್ನು ಕ್ಯಾರಿಯರಿಗೆ ಕಟ್ಟಿ, ಹತ್ತು ಸಲ ಹತ್ತಿಸಿ ಹತ್ತು ಸಲ ಇಳಿಸಿ ನೋಡಿ. ಅಂಗಡಿಯವರು ಮುಖ ಸಿಂಡರಿಸಬಹುದು. ಸಿಂಡರಿಸಲಿ, ದುಡ್ಡು ಕೊಡುವವರು ನೀವು.