ಕಚ್ಚಲಾಗದವನು ಕೊಳ್ಳುತ್ತಾನೆ: ದಂತಯಾತ್ರಾ ಶಾಸ್ತ್ರಕ್ಕೊಂದು ಬುಡಾಪೆಸ್ಟ್ ಭಾಷ್ಯ

ಕಾಶಿಗೆ ಹೋದವರು ತಮಗಿಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಅಲ್ಲಿಯೇ ಬಿಟ್ಟು ಬರಬೇಕೆಂಬ ಸಂಪ್ರದಾಯವಿದೆ. ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ. ಬುಡಾಪೆಸ್ಟಿಗೆ ಹೋದವರು ದವಡೆಹಲ್ಲು ಬಿಟ್ಟು ಬರುತ್ತಾರೆ. ಇಲ್ಲಿ ಜಾಣತನ ನಡೆಯದು. ಏನನ್ನು ಬಿಡಬೇಕೆಂದು ಎಕ್ಸ್‌ರೇ ಮೊದಲೇ ತೀರ್ಮಾನಿಸಿರುತ್ತದೆ. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲವೆಂಬುದಕ್ಕೂ ಶಾಸ್ತ್ರವಿರುವ ನಮ್ಮಲ್ಲಿ, ಹಲ್ಲು ಬಿದ್ದ ಮೇಲೆ ಪರದೇಶದಲ್ಲಿ ಹೇಗೆ ತಿರುಗಾಡಬೇಕು, ಏನು ಕೊಳ್ಳಬೇಕು ಎಂಬುದಕ್ಕೆ ಒಂದು ಲಕ್ಷಣಗ್ರಂಥವಿಲ್ಲ. ವಿದ್ವತ್ತಿನ ಈ ಹುಳುಕನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಅಧಿಕಾರಿಯ ಲಕ್ಷಣ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇರುವವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವನ ಬೀದಿಯ ತಿರುವಿನಲ್ಲೇ ಹಲ್ಲಿನ ಡಾಕ್ಟರ ಬೋರ್ಡಿದೆ. ಲಂಡನ್ನಿನಲ್ಲೋ ಡಬ್ಲಿನ್ನಿನಲ್ಲೋ ಕೋಡು ಬರೆದುಕೊಂಡಿರುವ ಕನ್ನಡಿಗ, ಅವನ ಪಕ್ಕದ ಮನೆಯ ಇಂಗ್ಲಿಷಿನವನು, ವಿಯೆನ್ನಾದ ಪಿಂಚಣಿದಾರ, ಇವರೇ ಅಧಿಕಾರಿಗಳು. ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆಯಲ್ಲಿ ಹೊಸ ರೋಗಿಯನ್ನು ಸೇರಿಸಿಕೊಳ್ಳುವ ದಂತವೈದ್ಯರು ಸಿಗುವುದು ದುರ್ಲಭ. ಖಾಸಗಿಯವರ ದರ ಕೇಳಿದರೆ ಗಟ್ಟಿಯಿದ್ದ ಹಲ್ಲೂ ಅಲುಗಾಡುತ್ತದೆ. ಎರಡೂವರೆ ಗಂಟೆ ವಿಮಾನದಲ್ಲಿ ಕೂತರೆ ಅದೇ ಕೆಲಸ ಅರ್ಧ ದರದ ಆಸುಪಾಸಿನಲ್ಲಿ ಮುಗಿಯುವ ಊರು ಬುಡಾಪೆಸ್ಟ್. ದಾರಿ ತೋರಿಸಿದವರು ಆಸ್ಟ್ರಿಯದವರು. ಗಡಿಯಂಚಿನ ಶೊಪ್ರೊನ್, ಮೊಶೊನ್‌ಮದ್ಯರೋವಾರ್ ಊರುಗಳಲ್ಲಿ ಹಲ್ಲಿನ ಆಸ್ಪತ್ರೆಗಳು ಸಾಲುಸಾಲಾಗಿ ನಿಂತಿರುವುದು ಅವರ ದಯೆಯಿಂದ. 1989ರ ಆಗಸ್ಟಿನಲ್ಲಿ ಇದೇ ಶೊಪ್ರೊನ್ ಬಳಿ ಗಡಿಯ ಗೇಟು ತೆರೆದು ಪೂರ್ವ ಜರ್ಮನಿಯ ನೂರಾರು ಜನ ಪಶ್ಚಿಮಕ್ಕೆ ಓಡಿದರೆಂದು ಚರಿತ್ರೆಕಾರರು ಬರೆಯುತ್ತಾರೆ. ಅದೇ ಗಡಿಯನ್ನು ಕೆನ್ನೆ ಹಿಡಿದುಕೊಂಡು ಪೂರ್ವಕ್ಕೆ ದಾಟಿದವರ ಬಗ್ಗೆ ಚರಿತ್ರೆಕಾರರು ಸಾಕಷ್ಟು ಬರೆದಿಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ‘ಲಂಡನ್ನಿನ ಕನ್ನಡಿಗ ಬೆಂಗಳೂರಿಗೇ ಬರಬಹುದಲ್ಲ? ಜಯನಗರದಲ್ಲಿ ರೂಟ್ ಕೆನಾಲ್, ಚಿಕ್ಕಪೇಟೆಯಲ್ಲಿ ಸೀರೆ, ಎರಡೂ ಆಯಿತು.’ ಬರುತ್ತಾರೆ, ಬಹಳ ಜನ ಬರುತ್ತಾರೆ. ಆದರೆ ಸಿದ್ಧಾಂತ ಹೀಗಿದೆ: ತಾಯ್ನಾಡಿನಲ್ಲಿ ಹಲ್ಲು ಕೀಳಿಸಿಕೊಂಡವನಿಗೆ ನಂಟರಿದ್ದಾರೆ. ಅವರು ನೋಡಲು ಬರುತ್ತಾರೆ, ಬರುವಾಗ ಕೋಡುಬಳೆ ತರುತ್ತಾರೆ. ‘ಆ ಕಡೆ ಹಲ್ಲಲ್ಲಿ ಮೆಲ್ಲಗೆ ಕಡಿ, ಏನೂ ಆಗಲ್ಲ’ ಎನ್ನುವ ಒಬ್ಬ ಚಿಕ್ಕಮ್ಮನಾದರೂ ಪ್ರತಿ ಮನೆತನದಲ್ಲಿ ಇದ್ದೇ ಇರುತ್ತಾರೆ. ಮೇಲಾಗಿ ಅದೇ ವಾರ ಯಾರದೋ ಮದುವೆ. ಊದಿದ ಕೆನ್ನೆ ಆಲ್ಬಮ್ಮಿನಲ್ಲಿ ಶಾಶ್ವತವಾಗುತ್ತದೆ. ಬುಡಾಪೆಸ್ಟಿನಲ್ಲಿ ನಿಮ್ಮ ಮುಖದ ಎಡಭಾಗ ಮೊದಲು ಹೇಗಿತ್ತೆಂದು ಬಲ್ಲವರು ಯಾರೂ ಇಲ್ಲ. ಪರದೇಶದ ಪರಮ ಪ್ರಯೋಜನ ಇದೇ. ಪೂರ್ವಪಕ್ಷ ಕುಳಿತುಕೊಳ್ಳಲಿ.

ಇನ್ನು ವಿಧಿನಿಷೇಧಗಳು. ಹಲ್ಲು ಕಿತ್ತ ಮನುಷ್ಯ ಒಂದು ಬಗೆಯ ಸೂತಕದಲ್ಲಿರುತ್ತಾನೆ. ಮೊದಲ ಮುಕ್ಕಾಲು ಗಂಟೆ ಹತ್ತಿಬಟ್ಟೆ ಕಚ್ಚಿ ಮೌನವ್ರತ. ಇಪ್ಪತ್ನಾಲ್ಕು ಗಂಟೆ ಬಾಯಿ ಮುಕ್ಕಳಿಸಬಾರದು, ಬಿಸಿ ಮುಟ್ಟಬಾರದು, ಭಾರ ಎತ್ತಬಾರದು. ಮದ್ಯ, ಧೂಮಪಾನ ಕೂಡದು. ಸ್ಟ್ರಾ ಹಾಕಿ ಹೀರಬಾರದು. ಉಗುಳಬಾರದು, ಇದೊಂದು ನಿಯಮವನ್ನು ನಮ್ಮವರು ಪಾಲಿಸಿದ ದಿನ ಮೇಲಿನ ದೇವತೆಗಳೂ ಇಣುಕಿ ನೋಡುತ್ತಾರೆ. ಇಷ್ಟೆಲ್ಲ ಯಾಕೆಂದರೆ, ಹಲ್ಲು ಹೋದ ಗುಳಿಯಲ್ಲಿ ಹೆಪ್ಪುಗಟ್ಟಿದ ಒಂದು ಹನಿ ರಕ್ತ ಕುಳಿತಿದೆ. ಅದೇ ಗಾಯದ ಮುಚ್ಚಳ. ಹೀರಿದರೆ, ಉಗುಳಿದರೆ ಅದು ಕಿತ್ತು ಬರುತ್ತದೆ. ಒಳಗಿನ ಮೂಳೆ ಬಯಲಾಗುತ್ತದೆ. ಮೂರನೆಯ ದಿನದ ಹೊತ್ತಿಗೆ ಕಿವಿಯವರೆಗೆ ಎಳೆಯುವ ನೋವು. ವೈದ್ಯರು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಊತವೂ ಎರಡು ಮೂರನೆಯ ದಿನಕ್ಕೇ ಶಿಖರ ಮುಟ್ಟುತ್ತದೆ. ಪ್ರವಾಸಿಯ ಫೋಟೋಗಳೂ ಸಾಮಾನ್ಯವಾಗಿ ಆ ದಿನಗಳವೇ.

ಮೊದಲ ದಿನದ ಇನ್ನೊಂದು ಅವಸ್ಥೆ ಅರಿವಳಿಕೆಯದು. ತುಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಎರಡು ಮೂರು ತಾಸು ತಿಳಿಯುವುದಿಲ್ಲ. ಪ, ಬ, ಮ ಅಕ್ಷರಗಳು ಹೊರಡುವುದಿಲ್ಲ. ವ್ಯಾಕರಣದಲ್ಲಿ ಇದಕ್ಕೆ ಪೂರ್ವನಿದರ್ಶನವುಂಟು. ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತನೆಂಬ ಕುಮಾರನು ಓಷ್ಠ್ಯಾಕ್ಷರಗಳೇ ಇಲ್ಲದಂತೆ ತನ್ನ ಇಡೀ ಕಥೆ ಹೇಳುತ್ತಾನೆ, ಕಾರಣ, ಪ್ರೇಯಸಿ ಕಚ್ಚಿ ಅವನ ತುಟಿ ನೊಂದಿತ್ತು. ದಂತಯಾತ್ರಿಗೆ ಅಂಥ ಸುಖದ ಕಾರಣವಿಲ್ಲದಿದ್ದರೂ ಫಲ ಒಂದೇ. ಆದರೆ ಮಂತ್ರಗುಪ್ತನು ಬುದ್ಧಿವಂತ, ಬುಡಾಪೆಸ್ಟಿಗೆ ಹೋಗಿರಲಿಲ್ಲ. ಬುಡಾ, ಪೆಸ್ಟ್, ಪಾರ್ಲಿಮೆಂಟು, ಪಾಪ್ರಿಕಾ, ಕೊನೆಗೆ ಫೋರಿಂಟ್ ಎಂಬ ನಾಣ್ಯ, ಯಾವುದನ್ನು ಹೇಳಹೊರಟರೂ ತುಟಿ ಬೇಕು. ಟ್ಯಾಕ್ಸಿಯವನಿಗೆ ಚೀಟಿ ತೋರಿಸುವುದೇ ಲೇಸು.

ಈಗ ನೋಟದ ಸ್ಥಳಗಳ ವಿಂಗಡಣೆಗೆ ಬರೋಣ. ಸಾಮಾನ್ಯ ಪ್ರವಾಸಿ ಈ ಊರಿನಲ್ಲಿ ಮಾಡುವ ಕೆಲಸಗಳ ಪಟ್ಟಿಯನ್ನು ನಮ್ಮ ನಿಷೇಧಗಳ ಪಕ್ಕದಲ್ಲಿಟ್ಟರೆ ಒಂದು ಭಯಂಕರ ಸತ್ಯ ಹೊರಬೀಳುತ್ತದೆ: ಎರಡೂ ಒಂದೇ ಪಟ್ಟಿ. ಸೇಚೆನ್ಯಿ ಸ್ನಾನಗೃಹವಿದೆ, 1913ರ ಹಳದಿ ಅರಮನೆ; ಭೂಗರ್ಭದ ಬಿಸಿನೀರಿನಲ್ಲಿ ಎದೆಮಟ ನಿಂತು ಅಜ್ಜಂದಿರು ಚದುರಂಗ ಆಡುತ್ತಾರೆ. ಬಿಸಿನೀರಿಗಿಳಿದರೆ ರಕ್ತ ಮತ್ತೆ ಒಸರುವುದರಿಂದ ಹೊಸ ಗಾಯದವನು ದಡದಲ್ಲಿ ಕೋಟು ತೊಟ್ಟು ನಿಂತು, ಆನೆ ಕುದುರೆ ಎಣಿಸಬಹುದು ಅಷ್ಟೆ. ಹಳೆಯ ಯಹೂದಿ ಕೇರಿಯ ಪಾಳುಮನೆ ಬಾರುಗಳು ಮದ್ಯದ ದೆಸೆಯಿಂದ ವರ್ಜ್ಯ. ಅಲ್ಲಿ ಸಿಗುವ ನಿಂಬೆ ಪಾನಕ ಸ್ಟ್ರಾದ ದೆಸೆಯಿಂದ ವರ್ಜ್ಯ. ಗೂಲಾಷ್ ಸಾರು ಬಿಸಿ. ಕೆಂಡದ ಮೇಲೆ ತಿರುಗಿಸಿ ಸುಟ್ಟು, ಸಕ್ಕರೆ ಪಾಕ ಗರಿಗಟ್ಟಿಸಿದ ಕೊಳವೆ ರೊಟ್ಟಿ ಕ್ಯುರ್ತೋಶ್‌ಕಲಾಚ್‌ನ ಘಮ ಬೀದಿಬೀದಿಯಲ್ಲಿ. ಮೂಗಿಗೆ ಮಾತ್ರ ಪ್ರವೇಶ. ದೊಬೋಶ್ ಕೇಕಿನ ಕಥೆ ಇನ್ನೂ ಕರುಣಾಜನಕ. ಯೋಜೆಫ್ ದೊಬೋಶ್ 1885ರ ಪ್ರದರ್ಶನಕ್ಕೆಂದು ಮಾಡಿದ ಈ ಕೇಕಿನ ಒಳಗೆಲ್ಲ ಬೆಣ್ಣೆ, ಚಾಕಲೇಟು, ಹೂವಿನಷ್ಟು ಮೃದು. ಮೇಲೆ ಮಾತ್ರ ಗಾಜಿನಂಥ ಕ್ಯಾರಮೆಲ್ ಮುಚ್ಚಳ. ಯಾತ್ರಿಯು ಮುಚ್ಚಳ ಎತ್ತಿ ಜೊತೆಗಾರರಿಗೆ ಕೊಟ್ಟು ಒಳಗಿನದನ್ನು ಸ್ವೀಕರಿಸಬೇಕು. ಜೊತೆಗಾರರು ಅದನ್ನು ಕಟಕಟ ಕಡಿಯುವಾಗ ಕಿವಿ ಮುಚ್ಚಿಕೊಳ್ಳುವುದು ಐಚ್ಛಿಕ.

ಶಾಸ್ತ್ರವು ಸಂಪೂರ್ಣ ನಿರ್ದಯಿಯಲ್ಲ. ಹಂಗೆರಿಯವರು ಬೇಸಿಗೆಯಲ್ಲಿ ಹುಳಿ ಚೆರ್ರಿಯ ಸಾರನ್ನು, ಕೆನೆ ಬೆರೆಸಿ, ತಣ್ಣಗೆ ಕುಡಿಯುತ್ತಾರೆ. ತಣ್ಣನೆಯ ಸಾರು! ದಂತಯಾತ್ರಿಗಾಗಿಯೇ ಯಾರೋ ಪುಣ್ಯಾತ್ಮರು ಕಂಡುಹಿಡಿದಂತಿದೆ. ಬೀಜ ತೆಗೆದದ್ದೋ ಇಲ್ಲವೋ ಎಂದು ಮಾತ್ರ ಕೇಳಿಕೊಳ್ಳಿ. ಕನ್ನಡಿಗರಾದರೆ ಇಷ್ಟಕ್ಕೆ ತೃಪ್ತರಾಗದೆ ಹೋಟೆಲಿನ ಕೋಣೆಯಲ್ಲಿ ಅನ್ನಕ್ಕೆ ಮೊಸರು ಕಲಸಿ, ಒಗ್ಗರಣೆ ಇಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ನಿಟ್ಟುಸಿರಿಗೆ ನಿಷೇಧವಿಲ್ಲ, ಅದು ಹೊರಹೋಗುವ ಗಾಳಿ, ಹೀರುವುದಲ್ಲ.

ಕಣ್ಣಿನ ಸ್ಥಳಗಳಂತೂ ಬೇಕಾದಷ್ಟಿವೆ, ಅವೂ ವಿಚಿತ್ರವಾಗಿ ಬಾಯಿಯನ್ನೇ ನೆನಪಿಸುತ್ತವೆ. ಡ್ಯಾನ್ಯೂಬಿನ ಮೇಲಿನ ಸರಪಳಿ ಸೇತುವೆ 1849ರದು. ನಕ್ಷೆ ಬರೆದವನು ಒಬ್ಬ ಇಂಗ್ಲಿಷಿನವನು, ನಿಂತು ಕಟ್ಟಿಸಿದವನು ಒಬ್ಬ ಸ್ಕಾಟ್ಲೆಂಡಿನವನು. ಬ್ರಿಟನ್ನಿನವರು ಅಂದು ಬಂದು ಬ್ರಿಡ್ಜು ಹಾಕಿಕೊಟ್ಟರು, ಇಂದು ಬಂದು ಹಾಕಿಸಿಕೊಂಡು ಹೋಗುತ್ತಿದ್ದಾರೆ. ಲೆಕ್ಕ ಚುಕ್ತಾ. ಸೇತುವೆಯ ತುದಿಗಳಲ್ಲಿ ಕಲ್ಲಿನ ಸಿಂಹಗಳಿವೆ. ಶಿಲ್ಪಿ ಅವಕ್ಕೆ ನಾಲಿಗೆ ಕೆತ್ತುವುದನ್ನೇ ಮರೆತ, ಒಬ್ಬ ಹುಡುಗ ಅದನ್ನು ತೋರಿಸಿ ನಕ್ಕಾಗ ನದಿಗೆ ಹಾರಿದ ಎಂದು ಊರವರು ಕಥೆ ಹೇಳುತ್ತಾರೆ. ಸುಳ್ಳು. ನಾಲಿಗೆ ಇದೆ, ಮೇಲಿನಿಂದ ನೋಡಬೇಕು. ಕೆಳಗಿನಿಂದ ನೋಡಿ ತೀರ್ಪು ಕೊಟ್ಟವರಿಗೆ ಬಾಯಿ ತಪಾಸಣೆಯ ಪ್ರಾಥಮಿಕ ಪಾಠವೂ ಗೊತ್ತಿರಲಿಲ್ಲವೆಂದು ಪ್ರಬಂಧಕಾರನ ಅಭಿಪ್ರಾಯ. ಪಾರ್ಲಿಮೆಂಟಿನ ಗುಮ್ಮಟದಡಿಯಲ್ಲಿ, ಕಾವಲಿನವರ ನಡುವೆ, ಹಂಗೆರಿಯ ಪವಿತ್ರ ಕಿರೀಟವಿದೆ. ಅದರ ನೆತ್ತಿಯ ಶಿಲುಬೆ ಸೊಟ್ಟ. ಶತಮಾನಗಳಿಂದ ಸೊಟ್ಟಗಿರುವ ಕಿರೀಟಕ್ಕೆ ಒಂದು ದೇಶವೇ ನಮಿಸುತ್ತದೆ. ತನ್ನ ಬಾಯಿಯ ಕ್ರೌನ್ ಕೂದಲೆಳೆಯಷ್ಟು ಎತ್ತರವಾಯಿತೆಂದು ಕ್ಲಿನಿಕ್ಕಿಗೆ ಮತ್ತೆ ಮತ್ತೆ ಹೋಗುವ ಯಾತ್ರಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬುಡಾದ ಕಡೆ ಸೆಮ್ಮೆಲ್‌ವೈಸ್ ಹುಟ್ಟಿದ ಮನೆ ಈಗ ವೈದ್ಯಕೀಯ ಚರಿತ್ರೆಯ ಸಂಗ್ರಹಾಲಯ. ವೈದ್ಯರು ರೋಗಿಯನ್ನು ಮುಟ್ಟುವ ಮುನ್ನ ಕೈ ತೊಳೆಯಲಿ ಎಂದು 1847ರಲ್ಲಿ ವಿಯೆನ್ನಾದಲ್ಲಿ ಹಟ ಹಿಡಿದು, ಬೈಸಿಕೊಂಡವನು ಅವನು. ಪರರ ಬೆರಳುಗಳನ್ನು ತಾಸುಗಟ್ಟಲೆ ಬಾಯಲ್ಲಿಟ್ಟುಕೊಂಡು ಬಂದವರು ಅಲ್ಲಿಗೆ ಹೋಗದಿದ್ದರೆ ಕೃತಘ್ನತೆ.

ಇಷ್ಟಾದ ಮೇಲೆ ಪ್ರಬಂಧದ ಹೃದಯಭಾಗ. ಸೂತ್ರ ಹೀಗಿದೆ: ಕಚ್ಚಲಾಗದವನು ಕೊಳ್ಳುತ್ತಾನೆ. ಭಾಷ್ಯ: ಆಸೆ ಎಂಬುದು ಸಾಯುವುದಿಲ್ಲ, ಸ್ಥಾನ ಬದಲಿಸುತ್ತದೆ. ಬಾಯಿಗೆ ಬೀಗ ಬಿದ್ದರೆ ಅದು ಕೈಗೆ ಇಳಿಯುತ್ತದೆ, ಕೈಯಿಂದ ಕಾರ್ಡಿಗೆ. ಪ್ರಮಾಣ ಬೇಕಾದವರು ವಾಟ್ಸಿ ಬೀದಿಯ ತುದಿಯಲ್ಲಿರುವ ದೊಡ್ಡ ಮಾರುಕಟ್ಟೆಗೆ ಹೋಗಲಿ. 1897ರ ಕಬ್ಬಿಣದ ಕಂಬಗಳ ಆ ಭವ್ಯ ಸಂತೆಯಲ್ಲಿ ಕೆನ್ನೆ ಊದಿದವರನ್ನು ಸುಲಭವಾಗಿ ಗುರುತಿಸಬಹುದು: ಅವರ ಚೀಲಗಳೂ ಊದಿರುತ್ತವೆ. ಮೇಲಂತಸ್ತಿನಲ್ಲಿ ಬಿಸಿ ಕರಿದ ರೊಟ್ಟಿ ಲಾಂಗೋಶ್ ತಿನ್ನುತ್ತಿರುವ ಆರೋಗ್ಯವಂತನ ಕೈಯಲ್ಲಿ ಚೀಲವಿರುವುದಿಲ್ಲ. ಅವನ ಎರಡೂ ಕೈ ತಿನ್ನುವುದರಲ್ಲಿವೆ. ತಿನ್ನಲಾಗದವನು ಕೆಳಗೆ ಪಾಪ್ರಿಕಾ ಪುಡಿ ಕೊಳ್ಳುತ್ತಾನೆ: ಸಿಹಿಯದೊಂದು, ಖಾರದ್ದೊಂದು, ಹೊಗೆ ಹಾಕಿದ್ದೊಂದು. ಬ್ಯಾಡಗಿ ಮೆಣಸಿನ ಡಬ್ಬಿ ಇರುವ ಮನೆಗೆ ಇದು ಯಾಕೆ ಎಂದು ಕೇಳಬಾರದು. ಉತ್ತರಿಸಲು ಅವನಿಗೆ ತುಟಿಯಿಲ್ಲ. ಕುಡಿಯಲಾಗದ ತೊಕಾಯ್ ದ್ರಾಕ್ಷಾರಸ, ಗುಂಡು ಸೀಸೆಯ ಊನಿಕುಮ್ ಎಂಬ ಕಹಿಮದ್ದಿನಂಥ ಮದ್ಯ, ಇವೂ ಚೀಲ ಸೇರುತ್ತವೆ. ಭಾರ ಎತ್ತಬಾರದೆಂಬ ನಿಯಮ ನೆನಪಾಗಿ ಚೀಲವನ್ನು ಹೆಂಡತಿಗೋ ಗಂಡನಿಗೋ ಕೊಡಲಾಗುತ್ತದೆ. ಈ ನಿಯಮವೊಂದನ್ನು ಯಾತ್ರಿಗಳು ಹಲ್ಲು ಕಿತ್ತ ವಾರಗಳ ನಂತರವೂ ಶ್ರದ್ಧೆಯಿಂದ ಪಾಲಿಸುವುದು ಕಂಡುಬಂದಿದೆ.

ಪಾಪ್ರಿಕಾದ ವಿಷಯದಲ್ಲಿ ಒಂದು ಉಪಕಥೆ. ಆಲ್ಬರ್ಟ್ ಸೆಂಟ್-ದ್ಯೋರ್ದಿ ಎಂಬ ಹಂಗೆರಿಯ ವಿಜ್ಞಾನಿ ಸೆಗೆಡ್ ಊರಿನಲ್ಲಿದ್ದಾಗ, ಒಂದು ರಾತ್ರಿ ಹೆಂಡತಿ ಊಟಕ್ಕೆ ಹಸಿ ಪಾಪ್ರಿಕಾ ಇಟ್ಟರು; ತಿನ್ನಲು ಮನಸ್ಸಿಲ್ಲದೆ ಅದನ್ನು ಪ್ರಯೋಗಾಲಯಕ್ಕೆ ಒಯ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿ ಸಿ ಜೀವಸತ್ವ ಧಾರಾಳವಾಗಿತ್ತು. 1937ರಲ್ಲಿ ನೊಬೆಲ್ ಬಂತು. ಸಿ ಜೀವಸತ್ವ ಇಲ್ಲದಿದ್ದರೆ ವಸಡು ಊದಿ, ರಕ್ತ ಒಸರಿ, ಹಲ್ಲು ಉದುರುತ್ತವೆ. ವಸಡನ್ನು ಕಾಯುವ ವಸ್ತು ಸಿಕ್ಕಿದ್ದು ಪಾಪ್ರಿಕಾ ತಿನ್ನಲೊಲ್ಲದ ಒಬ್ಬನಿಂದ ಎಂಬುದನ್ನು ನಮ್ಮ ಸೂತ್ರದ ಸಮರ್ಥನೆಗೆ ಬಳಸಿಕೊಳ್ಳಲು ಪ್ರಬಂಧಕಾರ ಹಿಂಜರಿಯುವುದಿಲ್ಲ.

ಪಿಂಗಾಣಿಯ ಅಧ್ಯಾಯ ದುಬಾರಿಯದು. ಹೆರೆಂಡ್ ಎಂಬ ಊರಿನಲ್ಲಿ 1826ರಿಂದ ಪಿಂಗಾಣಿ ಸುಡುತ್ತಿದ್ದಾರೆ; 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿಯೇ ಮೆಚ್ಚಿ ಕೊಂಡರು. ಬೆಳಗ್ಗೆ ಪಿಂಗಾಣಿ ಹಲ್ಲಿಗೆ ಎ-2 ಬಣ್ಣವೋ ಎ-3 ಬಣ್ಣವೋ ಎಂದು ಅರ್ಧ ತಾಸು ಕನ್ನಡಿ ಹಿಡಿದು ಯೋಚಿಸಿದ ಕುಟುಂಬ, ಮಧ್ಯಾಹ್ನ ಚಿಟ್ಟೆ ಬರೆದ ಬಟ್ಟಲಿನ ಮುಂದೆ ಅಷ್ಟೇ ಹೊತ್ತು ನಿಲ್ಲುತ್ತದೆ. ‘ಹಲ್ಲಲ್ಲಿ ಉಳಿದಿದೆಯಲ್ಲ’ ಎಂಬ ಮಾತು ಯಾರ ಬಾಯಿಂದ ಹೊರಡುತ್ತದೋ ಅಲ್ಲಿಗೆ ಉಳಿತಾಯದ ಆಯುಷ್ಯ ಮುಗಿಯಿತು. ಹಂಗೆರಿಯಲ್ಲಿ ಸಾಮಾನ್ಯ ಸರಕಿನ ಮೇಲಿನ ಮೌಲ್ಯವರ್ಧಿತ ತೆರಿಗೆ ಶೇಕಡಾ 27, ಐರೋಪ್ಯ ಒಕ್ಕೂಟದಲ್ಲೇ ಹೆಚ್ಚು. ಹಲ್ಲಿನ ಚಿಕಿತ್ಸೆಗೆ ಆ ತೆರಿಗೆಯಿಲ್ಲ. ಪರದೇಶದವರ ಹಲ್ಲನ್ನು ಸರ್ಕಾರ ಯಾಕೆ ಮುಟ್ಟುವುದಿಲ್ಲವೆಂದು ಈಗ ತಿಳಿಯಿತೇ? ಅದಕ್ಕೆ ಬಟ್ಟಲಿನ ಮೇಲೆ ನಂಬಿಕೆಯಿದೆ.

ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಪುನರ್ಯಾತ್ರೆ ತಪ್ಪದು. 1952ರಲ್ಲಿ ಬ್ರೋನೆಮಾರ್ಕ್ ಎಂಬ ಸ್ವೀಡನ್ನಿನ ಸಂಶೋಧಕ ಮೊಲದ ಮೂಳೆಯಲ್ಲಿಟ್ಟಿದ್ದ ಟೈಟಾನಿಯಂ ಉಪಕರಣವನ್ನು ತೆಗೆಯಹೋದರೆ, ಅದು ಮೂಳೆಗೇ ಬೆಸೆದುಕೊಂಡಿತ್ತು. ಆ ಮೊಲದ ಹಟವೇ ಇಂದಿನ ಉದ್ಯಮದ ಬಂಡವಾಳ. ಆದರೆ ಬೆಸುಗೆಗೆ ಮೂರರಿಂದ ಆರು ತಿಂಗಳು ಬೇಕು. ಆದ್ದರಿಂದ ಮೊದಲ ಯಾತ್ರೆಯಲ್ಲಿ ತಿರುಪು, ಎರಡನೆಯದರಲ್ಲಿ ಹಲ್ಲು. ಮೊದಲನೆಯದು ಕೊಳ್ಳುವ ಯಾತ್ರೆ, ಎರಡನೆಯದು ತಿನ್ನುವ ಯಾತ್ರೆ. ಎರಡನೆಯ ಸಲ ಚೀಲ ಖಾಲಿಯಾಗಿಯೇ ಮರಳುತ್ತದೆಂದು ನಮ್ಮ ಸೂತ್ರ ಹೇಳುತ್ತದೆ. ಸೂತ್ರಕ್ಕೆ ಅಪವಾದಗಳಿವೆ, ಅವರ ಮನೆಯ ಷೋಕೇಸಿನಲ್ಲಿ ಬಟ್ಟಲಿನ ಜೋಡಿ ಕಾಣಬಹುದು.

ಕೊನೆಯದಾಗಿ ಅಣಕು ಬಿಟ್ಟು ಒಂದು ವಿನಂತಿ. ಹಾಕಿದ ಇಂಪ್ಲಾಂಟಿನ ತಯಾರಕರ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಬರೆದ ಒಂದು ಪುಟ್ಟ ಕಾರ್ಡನ್ನು ಕ್ಲಿನಿಕ್ಕಿನವರು ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ. ತಿರುಪು ತಿರುಪಿಗೂ ಅಳತೆ ಬೇರೆ, ಅದನ್ನು ಬಿಚ್ಚುವ ಸಲಕರಣೆ ಬೇರೆ. ಮುಂದೊಂದು ದಿನ ಲಂಡನ್ನಿನಲ್ಲೋ ದಾವಣಗೆರೆಯಲ್ಲೋ ಅದು ಸಡಿಲವಾದರೆ ಅಲ್ಲಿನ ಡಾಕ್ಟರು ಮೊದಲು ಕೇಳುವುದು ಆ ಕಾರ್ಡನ್ನೇ. ದಯವಿಟ್ಟು ಅದನ್ನು ಪಾಸ್‌ಪೋರ್ಟಿನ ಜೊತೆಯಲ್ಲಿಡಿ, ಪಾಪ್ರಿಕಾ ಚೀಲದಲ್ಲಿ ಬೇಡ.