ಹೀರೆ ಹೂವಿನ ಮುಹೂರ್ತ

ಬೆಂಗಳೂರಿಗರಿಗೆ ತೋಟಗಾರಿಕೆಯ ಹುಚ್ಚು ವರ್ಷಕ್ಕೆ ಎರಡು ಸಲ ಹಿಡಿಯುತ್ತದೆ: ಜನವರಿ 26ರ ಆಸುಪಾಸಿಗೊಮ್ಮೆ, ಆಗಸ್ಟ್ 15ರ ಆಸುಪಾಸಿಗೊಮ್ಮೆ. ಲಾಲ್‌ಬಾಗಿನ ಗಾಜಿನಮನೆಗೆ ಫಲಪುಷ್ಪ ಪ್ರದರ್ಶನ ನೋಡಲು ಹೋದವರು ಹೊರಬರುವಾಗ ಒಂದು ಕೈಯಲ್ಲಿ ಬೀಜದ ಪೊಟ್ಟಣ, ಇನ್ನೊಂದರಲ್ಲಿ ಕಸಿ ಸೀಬೆ ಗಿಡ. 1760ರಲ್ಲಿ ಈ ತೋಟಕ್ಕೆ ಕೈಹಾಕಿದ ಹೈದರಾಲಿಗೆ ಜಾಗಕ್ಕೆ ಬರವಿರಲಿಲ್ಲ. ನಮ್ಮವರಿಗೆ ಇರುವುದು ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ ಮಿಕ್ಕ ತಾರಸಿ.

ಇಂಥವರೇ ಎಂದಿಲ್ಲ, ಬ್ಯಾಂಕಿನಿಂದ ನಿವೃತ್ತರಾದ ಯಾರೋ ಒಬ್ಬ ರಾಯರು ಎಂದಿಟ್ಟುಕೊಳ್ಳಿ. ಅವರು ಮೊದಲು ತರುವುದು 200 ಲೀಟರಿನ ನೀಲಿ ಡ್ರಮ್ಮು. ಅದರ ತುಂಬ ಮಣ್ಣು ಹಾಕಿ ನೀರು ಹೊಯ್ದರೆ ತೂಕ 200 ಕೆ.ಜಿ. ದಾಟುತ್ತದೆಂಬ ಲೆಕ್ಕ ಜೀವಮಾನವೆಲ್ಲ ಲೆಕ್ಕ ಬರೆದವರಿಗೂ ಹೊಳೆಯುವುದಿಲ್ಲ. ಕೆಳಗಿನ ಮನೆಯ ಬಾಡಿಗೆದಾರರಿಗೆ, ಸೂರು ಒದ್ದೆಯಾದ ದಿನ, ತಾನಾಗಿ ಹೊಳೆಯುತ್ತದೆ. ಆಮೇಲೆ ಡ್ರಮ್ಮನ್ನು ಅರ್ಧಕ್ಕೆ ಕೊಯ್ಯಿಸಿ, ತಳಕ್ಕೆ ತೂತು ಹೊಡೆಸಿ, ಮಣ್ಣಿನ ಪಾಲು ತಗ್ಗಿಸಿ, ಕೋಕೋಪಿಟ್, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸುವ ಹೊತ್ತಿಗೆ ರಾಯರಿಗೆ ಸೊಂಟನೋವು.

ಮೊದಲಿಗೆ ಮೆಂತ್ಯ ಹಾಕಿ ಸಾಕು ಎಂದು ಮನೆಯಾಕೆ ಹೇಳಿದ್ದು ಸರಿಯೇ. ಅಡುಗೆಮನೆಯ ಡಬ್ಬಿಯ ಕಾಳೇ ಆದೀತು, ಮೂರು ನಾಲ್ಕು ವಾರಕ್ಕೆಲ್ಲ ಕೊಯ್ಲು. ಕೊತ್ತಂಬರಿಯೂ ಸುಲಭ, ಕಾಳನ್ನು ಲಟ್ಟಣಿಗೆಯಡಿ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ ಬಿತ್ತಿದರಾಯಿತು. ಆದರೆ ಸೊಪ್ಪು ಬೆಳೆದು ಯಾರ ಮುಂದೆ ಹೇಳಿಕೊಳ್ಳುವುದು? ತೋರಿಸಲು ಕಾಯಿ ಬೇಕು. ಹಾಗಾಗಿ ಹೀರೆ.

ಬಳ್ಳಿ ಹಬ್ಬಿತು, ಹೂವೂ ಬಂತು, ಹೀಚು ಮಾತ್ರ ಹಳದಿ ತಿರುಗಿ ಉದುರತೊಡಗಿತು. ಹುಳಿ ಮಜ್ಜಿಗೆ ಸಿಂಪಡಿಸಿ ಎಂದರು ಒಬ್ಬರು. ದೃಷ್ಟಿಯಾಗಿದೆ, ಹಳೇ ಚಪ್ಪಲಿ ಕಟ್ಟಿ ಎಂದರು ಇನ್ನೊಬ್ಬರು. ನಿಜವಾಗಿ ಆಗಬೇಕಿದ್ದದ್ದು ಮದುವೆ. ಹೀರೆಯಲ್ಲಿ ಗಂಡುಹೂವೇ ಬೇರೆ, ಹೆಣ್ಣುಹೂವೇ ಬೇರೆ. ಗಂಡು ಒಂದೇ ಕಡ್ಡಿಯಲ್ಲಿ ಗೊಂಚಲಾಗಿ ಬರುತ್ತದೆ. ಹೆಣ್ಣು ಒಂಟಿ, ಹೂವಿನ ಬುಡದಲ್ಲಿ ಬೆರಳುದ್ದದ ಹೀರೆಕಾಯಿಯ ಗುರುತು ಆಗಲೇ ಇರುತ್ತದೆ. ಮೂರನೇ ಮಹಡಿಯವರೆಗೆ ದುಂಬಿ, ಜೇನು, ಪತಂಗ ಬಾರದಿದ್ದರೆ ಪೌರೋಹಿತ್ಯ ಮನೆಯವರದೇ. ಗಂಡುಹೂವಿನ ಎಸಳು ಕಿತ್ತು, ಒಳಗಿನ ಹಳದಿ ಪುಡಿಯನ್ನು ಹೆಣ್ಣುಹೂವಿನ ನಡುವೆ ಮೆತ್ತಗೆ ಸವರಬೇಕು.

ರಾಯರು ಬೆಳಗಿನ ವಾಕಿಂಗ್ ಮುಗಿಸಿಕೊಂಡು ಬಂದು ಸವರುತ್ತಿದ್ದರು. ಫಲವಿಲ್ಲ. ಹೀರೆ ಹೂ ಅರಳುವುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಬೆಳಗಿನ ಹೊತ್ತಿಗೆ ಮುಹೂರ್ತ ಮೀರಿರುತ್ತದೆ. ಪಕ್ಕದ ಕುಂಡದ ಸಿಹಿಗುಂಬಳವೋ ಇದಕ್ಕೆ ತದ್ವಿರುದ್ಧ, ಅರಳುವುದು ನಸುಕಿನಲ್ಲಿ, ಬಿಸಿಲೇರಿದರೆ ಮುದುಡಿಕೊಳ್ಳುತ್ತದೆ. ಹೀಗೆ ರಾಯರಿಗೆ ಎರಡು ಹೊತ್ತೂ ಡ್ಯೂಟಿ ಬಿತ್ತು.

‘ರೀ, ಸಂಧ್ಯಾವಂದನೆ ಬಿಟ್ಟು ಎಷ್ಟು ವರ್ಷವಾಯ್ತೋ. ಈಗ ಎರಡು ಹೊತ್ತೂ ಮಹಡಿ ಹತ್ತುತ್ತೀರಲ್ಲ!’

‘ಸುಮ್ಮನಿರೇ, ಹೂ ಮುದುಡಿಬಿಡುತ್ತೆ.’

ಪರಂಗಿಯ ಕಥೆ ಚಿಕ್ಕದು. ತಿಂದ ಹಣ್ಣಿನ ಬೀಜ ಹಾಕಿ, ತಿಂಗಳುಗಟ್ಟಲೆ ಸಾಕಿ, ಹೂ ಬಂದ ಮೇಲೆ ನೋಡಿದರೆ ಉದ್ದ ಕಡ್ಡಿಗಳಲ್ಲಿ ಜೋಲಾಡುವ ಗೊಂಚಲು. ಗಂಡುಗಿಡ! ಹೂ ಕಾಣುವವರೆಗೆ ಹೊಸಬರಿಗೆ ಅದರ ಜಾತಕ ಗೊತ್ತಾಗುವುದೇ ಇಲ್ಲ.

ಅವರೆಯ ಲೆಕ್ಕ ಗಂಟೆಯದಲ್ಲ, ಋತುವಿನದು. ಹಗಲು ಕುಗ್ಗದೆ ನಾಟಿ ಅವರೆ ಹೂ ಬಿಡುವುದಿಲ್ಲ. ಹಳೇ ಮೈಸೂರು ಕಡೆಯ ರೈತರು ಮುಂಗಾರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಅದನ್ನು ಹಾಕಿ, ಚಳಿ ಬಿದ್ದ ಮೇಲೆ ಕಾಯಿ ಕೊಯ್ಯುವುದು ಸುಮ್ಮನೆ ಅಲ್ಲ. ವರ್ಷದ ಯಾವ ಕಾಲಕ್ಕೂ ಕಾಯಿ ಬಿಡುವ ಗಿಡ್ಡ ತಳಿಗಳೂ ಇವೆ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್. ಕುಂಡಕ್ಕೆ ಅವೇ ಲಾಯಕ್ಕು. ರಾಯರು ಒಪ್ಪಲಿಲ್ಲ. ‘ಸೊಗಡಿಲ್ಲದ ಮೇಲೆ ಅದೆಂಥ ಅವರೆ?’ ಎಂದು ಊರಿನ ನಾಟಿ ಬೀಜವನ್ನೇ ಫೆಬ್ರುವರಿಯಲ್ಲಿ ಊರಿದರು.

ಬಳ್ಳಿ ಬೇಸಗೆ ಕಳೆಯಿತು, ಮಳೆಗಾಲ ಕಳೆಯಿತು. ಬಟ್ಟೆಯ ತಂತಿ, ಡಿಶ್ ಆಂಟೆನಾ, ಟ್ಯಾಂಕಿನ ಪೈಪು ಎಲ್ಲವನ್ನೂ ಸುತ್ತಿತು. ಹೂವಿನ ಸುಳಿವಿಲ್ಲ. ಬಿಸಿಲು ಹುಡುಕುತ್ತ ಗೋಡೆ ಹಾರಿ ಪಕ್ಕದ ಮನೆಯ ಗ್ರಿಲ್ಲಿಗೆ ದಾಟಿತು. ರಾಯರು ನೀರು ಹಾಕುವುದನ್ನು ಬಿಡಲಿಲ್ಲ, ನೋಡುವುದನ್ನು ಮಾತ್ರ ಬಿಟ್ಟರು.

ಡಿಸೆಂಬರಿನ ಒಂದು ಸಂಜೆ ಪಕ್ಕದ ಮನೆಯಾಕೆ ಮುಚ್ಚಿದ ಸ್ಟೀಲ್ ಬಟ್ಟಲು ಹಿಡಿದು ಬಂದರು. ಹಿತಕಿದ ಬೇಳೆ ಸಾರು. ‘ತಗೊಳ್ಳಿ ಸಾರ್, ಈ ಸಲ ನಮ್ಮ ಅವರೆ ಚೆನ್ನಾಗಿ ಬಂದಿದೆ.’

ರಾಯರು ಬೆರಳದ್ದಿ ರುಚಿ ನೋಡಿದರು. ಉಪ್ಪು ಒಂಚೂರು ಕಡಿಮೆ ಎಂದರು.